ಹೆವಿವೇಟ್ ಭವಿಷ್ಯ ಯಾಕೆ ಕೈಕೊಡುತ್ತದೆ?

1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ, ಬಾಕ್ಸಿಂಗಿನ ಅತಿ ಭಾರದವರ ವಿಭಾಗವಾದ ಹೆವಿವೇಟ್ ಪಂದ್ಯದಲ್ಲಿ, ಜೋ ಫ್ರೇಜಿಯರ್ ಮೊಹಮ್ಮದ್ ಅಲಿಯನ್ನು ಸೋಲಿಸಿದರು. 1973ರ ಜನವರಿಯಲ್ಲಿ ಜಾರ್ಜ್ ಫೋರ್ಮನ್ ಅದೇ ಫ್ರೇಜಿಯರ್‌ರನ್ನು ಎರಡೇ ರೌಂಡಿನಲ್ಲಿ ಆರು ಸಲ ಕೆಡವಿದರು. ಆ ವರ್ಷದ ಮಾರ್ಚಿನಲ್ಲಿ ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದರು. ಮರುವರ್ಷ ನಾರ್ಟನ್ ಕೂಡ ಫೋರ್ಮನ್ ಎದುರು ಎರಡು ರೌಂಡ್ ದಾಟಲಿಲ್ಲ. ನಡುವೆ ಅಲಿ ಫ್ರೇಜಿಯರ್, ನಾರ್ಟನ್ ಇಬ್ಬರ ಮೇಲೂ ಸೇಡು ತೀರಿಸಿಕೊಂಡಿದ್ದರು ನಿಜ, ಆದರೆ ಕಷ್ಟಪಟ್ಟು, ಅಂಕಗಳ ಮೇಲೆ.

ಹಾಗಾದರೆ ಅಲಿ ಮತ್ತು ಫೋರ್ಮನ್ ಎದುರಾದರೆ ಗೆಲ್ಲೋದು ಯಾರು? ಲೆಕ್ಕ ಸುಲಭ ಅಲ್ವಾ? ಫೋರ್ಮನ್‌ಗೆ 25 ವರ್ಷ, ಅಲಿಗೆ 32. ಫೋರ್ಮನ್ ಆಡಿದ 40 ಪಂದ್ಯಗಳನ್ನೂ ಗೆದ್ದಿದ್ದರು, ಅದರಲ್ಲಿ 37 ನಾಕೌಟ್. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ, ಎಂಟನೇ ರೌಂಡಿನಲ್ಲಿ ನೆಲ ಕಂಡವರು ಫೋರ್ಮನ್.

ದೊಡ್ಡ ಹೆವಿವೇಟ್ ಪಂದ್ಯ ಹತ್ತಿರ ಬಂದಾಗಲೆಲ್ಲ ಅಭಿಮಾನಿಗಳ ಜಗಳದಲ್ಲಿ ಇದೇ ತರ್ಕ ಮತ್ತೆ ಮತ್ತೆ ಬರುತ್ತದೆ. ಇವನು ಅವನನ್ನು ಹೊಡೆದ, ಅವನು ಇನ್ನೊಬ್ಬನನ್ನು ಹೊಡೆದ, ಆದ್ದರಿಂದ ಇವನೇ ಗೆಲ್ಲೋದು. ಇಬ್ಬರು ಮನುಷ್ಯರ ಎತ್ತರಕ್ಕೆ ಈ ತರ್ಕ ಸರಿ, ಅವರ ಬಾಕ್ಸಿಂಗಿಗೆ ಅಲ್ಲ. ಫ್ರೇಜಿಯರ್ ತಲೆ ತಗ್ಗಿಸಿಕೊಂಡು ಸೀದಾ ಮುಂದೆ ನುಗ್ಗುತ್ತಿದ್ದರು. ಕೆಳಗಿನಿಂದ ಬರುವ ಫೋರ್ಮನ್‌ರ ಅಪ್ಪರ್‌ಕಟ್‌ಗೆ ಅದಕ್ಕಿಂತ ಒಳ್ಳೆ ಗುರಿ ಬೇಕೇ? ಅಲಿ ಹಗ್ಗಕ್ಕೆ ಒರಗಿ, ತೋಳುಗಳಿಂದ ಮುಖ ಮುಚ್ಚಿ, ಫೋರ್ಮನ್ ಸುಸ್ತಾಗುವವರೆಗೆ ಕಾದರು. ಒಬ್ಬನ ಶೈಲಿ ಇನ್ನೊಬ್ಬನ ಶೈಲಿಗೆ ಹೇಗೆ ತಾಗುತ್ತದೆ ಅನ್ನುವುದು ಮುಖ್ಯ. ಅದು ಗೆಲುವು ಸೋಲಿನ ಪಟ್ಟಿಯಲ್ಲಿ ಕಾಣುವುದಿಲ್ಲ.

ಆದರೆ ನನಗೆ ಇದಕ್ಕಿಂತ ದೊಡ್ಡ ತೊಂದರೆಯಾಗಿ ಕಾಣೋದು ಬೇರೆಯೇ. ನಾವು ವಾದಕ್ಕೆ ತರುವ ಪಂದ್ಯಗಳು ಯಾವುವು? ನೆನಪಿನಲ್ಲಿ ಉಳಿದವು. ಅವು ಯಾಕೆ ಉಳಿದವು? ಯಾರೂ ನಿರೀಕ್ಷಿಸದ ಏನೋ ನಡೆದಿತ್ತು, ಅದಕ್ಕೆ. ಅಂದರೆ ಮುಂದಿನ ಪಂದ್ಯವನ್ನು ಊಹಿಸಲು ನಾವು ಆರಿಸಿಕೊಳ್ಳುವುದು ಅಪವಾದಗಳನ್ನೇ. ಇದಕ್ಕಿಂತ ಕೆಟ್ಟ ಸ್ಯಾಂಪಲ್ ಹುಡುಕಿದರೂ ಸಿಗಲ್ಲ!

ಮನಸ್ಸಿನ ಈ ಗುಣವನ್ನು ಮನೋವಿಜ್ಞಾನಿಗಳಾದ ಆಮೋಸ್ ಟ್ವರ್‌ಸ್ಕಿ ಮತ್ತು ಡೇನಿಯಲ್ ಕಾನೆಮನ್ 1973ರಲ್ಲೇ ತೋರಿಸಿದ್ದರು. ಇಂಗ್ಲಿಷಿನಲ್ಲಿ 'ಕೆ' ಅಕ್ಷರದಿಂದ ಶುರುವಾಗುವ ಪದಗಳು ಜಾಸ್ತಿಯೋ, ಮೂರನೇ ಅಕ್ಷರವಾಗಿ 'ಕೆ' ಇರುವ ಪದಗಳು ಜಾಸ್ತಿಯೋ ಎಂದು ಕೇಳಿದರು. ಹೆಚ್ಚಿನವರು ಮೊದಲನೆಯದು ಅಂದರು. ನಿಜಕ್ಕೂ ಜಾಸ್ತಿ ಇರೋದು ಎರಡನೆಯದು. ಶುರುವಿನ ಅಕ್ಷರದಿಂದ ಪದ ನೆನಪಿಸಿಕೊಳ್ಳುವುದು ಸುಲಭ, ಅಷ್ಟೇ. ಸುಲಭವಾಗಿ ನೆನಪಾಗುವುದೇ ಜಾಸ್ತಿ ನಡೆಯುತ್ತದೆ ಎಂದು ಮೆದುಳು ಲೆಕ್ಕ ಹಾಕುತ್ತದೆ.

1990ರ ಫೆಬ್ರುವರಿ 11ರಂದು ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಹತ್ತನೇ ರೌಂಡಿನಲ್ಲಿ ಮೈಕ್ ಟೈಸನ್‌ರನ್ನು ನಾಕೌಟ್ ಮಾಡಿದ್ದು ಯಾವ ಅಭಿಮಾನಿಗೂ ಗೊತ್ತು. ಅದಕ್ಕೂ ಮುಂಚೆ ಟೈಸನ್ 37 ಪಂದ್ಯ ಗೆದ್ದಿದ್ದರು. ಆ 37ರಲ್ಲಿ ಸೋತವರ ಪೈಕಿ ಹತ್ತು ಹೆಸರು ಹೇಳಿ ನೋಡೋಣ. ನೆನಪು ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿದೆ. ಆಮೇಲೆ ಆ ಒಂದನ್ನೇ ಹಿಡಿದು "ಹೆವಿವೇಟ್‌ನಲ್ಲಿ ಏನು ಬೇಕಾದರೂ ಆಗಬಹುದು" ಅನ್ನುತ್ತೇವೆ.

ತಮಾಷೆ ಏನೆಂದರೆ ಆ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಅದು ಎಷ್ಟು ನಿಜ ಅಂತ ಗೊತ್ತಾಗಬೇಕಾದರೆ ಒಂದು ಪಂಚ್ ಒಳಗೆ ಏನು ನಡೆಯುತ್ತದೆ ನೋಡಬೇಕು.

1985ರಲ್ಲಿ ಬ್ರಿಟನ್ನಿನ ಸಂಶೋಧಕರು ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೊ ಅವರ ಪಂಚ್ ಅಳೆದರು. ಉಪಕರಣ ಕಟ್ಟಿದ, ತೂಗುವ ಗುರಿಯೊಂದಕ್ಕೆ ಅವರು ಹೊಡೆದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ಅಂದರೆ ಗಂಟೆಗೆ ಸುಮಾರು 32 ಕಿಲೋಮೀಟರ್. ತಾಗಿದ 14 ಮಿಲಿಸೆಕೆಂಡಿನೊಳಗೆ ಬಲ 4,096 ನ್ಯೂಟನ್ ಮುಟ್ಟಿತು. ಅದು 400 ಕಿಲೋಗಿಂತ ಜಾಸ್ತಿ ತೂಕ ಒತ್ತಿದಷ್ಟು ಬಲ. ನಿಜವಾದ ಮನುಷ್ಯನ ತಲೆಗೆ ಬಿದ್ದಿದ್ದರೆ ಇದು 6,320 ನ್ಯೂಟನ್ ವರೆಗೆ ಹೋಗಬಹುದಿತ್ತು ಎಂದು ಅವರು ಲೆಕ್ಕ ಹಾಕಿದರು. 6 ಕಿಲೋ ತೂಕದ ಮೆತ್ತೆ ಸುತ್ತಿದ ಮರದ ಸುತ್ತಿಗೆಯನ್ನು ಅದೇ 32 ಕಿಲೋಮೀಟರ್ ವೇಗದಲ್ಲಿ ಬೀಸಿದ ಹಾಗೆ ಅಂತ ವರದಿಯೇ ಹೇಳುತ್ತದೆ.

ಕೈಯೊಂದರಿಂದಲೇ ಇಷ್ಟು ಬಲ ಬರುವುದಿಲ್ಲ. ಹಿಂಗಾಲು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಭುಜ ಹಿಂಬಾಲಿಸುತ್ತದೆ, ಕೊನೆಗೆ ಮುಷ್ಟಿ. ತಾಗುವ ಕ್ಷಣಕ್ಕೆ ಮಣಿಕಟ್ಟು ಮತ್ತು ಮೊಣಕೈ ಬಿಗಿಯಾದರೆ ಮುಷ್ಟಿಯ ಹಿಂದೆ ದೇಹದ ತೂಕವೂ ಸೇರಿಕೊಳ್ಳುತ್ತದೆ. ಕಾಲು ಸೋತ ಬಾಕ್ಸರ್‌ನ ಪಂಚ್ ಸಪ್ಪೆಯಾಗುವುದು ಇದಕ್ಕೇ. ಅಭಿಮಾನಿಗಳು ತೋಳಿನ ಗಾತ್ರ ನೋಡುತ್ತಾರೆ. ತರಬೇತುದಾರರ ಕಣ್ಣು ಪಾದದ ಮೇಲಿರುತ್ತದೆ.

ಎದುರಾಳಿ ಬೀಳುವುದು ಮಾತ್ರ ಬರೀ ಬಲದಿಂದ ಅಲ್ಲ. ಮೆದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಸೀದಾ ಹಿಂದಕ್ಕೆ ಹೋಗುವುದಕ್ಕಿಂತ ಗಕ್ಕನೆ ತಿರುಗುವುದು ಹೆಚ್ಚು ಅಪಾಯ. ಆಕ್ಸ್‌ಫರ್ಡಿನ ವಿಜ್ಞಾನಿ ಹೋಲ್ಬೋರ್ನ್ 1943ರಲ್ಲಿ ಜೆಲಾಟಿನ್‌ನಿಂದ ಮೆದುಳಿನ ಮಾದರಿ ಮಾಡಿ ಇದನ್ನು ವಿವರಿಸಿದ್ದರು. ಮೆದುಳು ಸುಲಭಕ್ಕೆ ಕುಗ್ಗುವುದಿಲ್ಲ, ಆದರೆ ಸುಲಭಕ್ಕೆ ತಿರುಚಿಕೊಳ್ಳುತ್ತದೆ. ಆ ತಿರುಚುವಿಕೆಯಲ್ಲಿ ನರತಂತುಗಳು ಎಳೆದಂತಾಗಿ ಪ್ರಜ್ಞೆ ತಪ್ಪುತ್ತದೆ.

ಪಕ್ಕದಿಂದ ಬೀಸಿ ಹೊಡೆಯುವ ಹುಕ್ ಗದ್ದಕ್ಕೆ ಬಿದ್ದಾಗ ಅಷ್ಟು ಕೆಲಸ ಮಾಡುವುದು ಇದಕ್ಕೇ. ಬಾಗಿಲನ್ನು ತಿರುಗಣಿಯ ಹತ್ತಿರ ತಳ್ಳಿದರೆ ಕಷ್ಟ, ಅಂಚಿನಲ್ಲಿ ತಳ್ಳಿದರೆ ಬೆರಳು ಸಾಕು. ತಲೆಯ ತಿರುಗಣಿ ಕುತ್ತಿಗೆ, ಅದರಿಂದ ದೂರದ ಅಂಚು ಗದ್ದ. ಪಂಚ್ ಬರುವುದು ಕಂಡರೆ ಕುತ್ತಿಗೆಯ ಸ್ನಾಯು ಬಿಗಿಯಾಗಿ ತಲೆ ಮತ್ತು ಮುಂಡ ಒಂದೇ ಆಗಿ ನಿಲ್ಲುತ್ತವೆ, ತಲೆ ಅಷ್ಟು ಬೇಗ ತಿರುಗುವುದಿಲ್ಲ. ಕಾಣದೆ ಬಂದದ್ದು ಕೆಡವುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಪ್ರತಿಕ್ರಿಯಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಬೇಕು. ಮುಂದಿನ ಕೈಯಿಂದ ಸೀದಾ ಹೊಡೆಯುವ ಒಳ್ಳೆ ಜ್ಯಾಬ್ ಅಷ್ಟು ಹೊತ್ತು ಕಾಯುವುದಿಲ್ಲ. ಹಾಗಾಗಿ ಬಾಕ್ಸರ್ ಮುಷ್ಟಿ ನೋಡಿ ತಪ್ಪಿಸಿಕೊಳ್ಳುವುದಲ್ಲ, ಭುಜ ಅಲುಗಿದ್ದನ್ನು ಓದಿ ತಪ್ಪಿಸಿಕೊಳ್ಳುತ್ತಾನೆ. ವಯಸ್ಸಾದಂತೆ, ಸುಸ್ತಾದಂತೆ ಈ ಓದು ನಿಧಾನವಾಗುತ್ತದೆ. ಹೊಡೆತದ ಬಲ ಅಷ್ಟು ಬೇಗ ಹೋಗುವುದಿಲ್ಲ. 1994ರ ನವೆಂಬರ್ 5ರಂದು 45 ವರ್ಷದ ಫೋರ್ಮನ್ ಮೂವರು ಜಡ್ಜ್‌ಗಳ ಲೆಕ್ಕದಲ್ಲೂ ಹಿಂದಿದ್ದರು. ಹತ್ತನೇ ರೌಂಡಿನಲ್ಲಿ ಮೈಕೆಲ್ ಮೂರರ್‌ರನ್ನು ಮಲಗಿಸಿ ಚಾಂಪಿಯನ್ ಆದರು.

ಹೆವಿವೇಟ್‌ಗೆ ಇನ್ನೊಂದು ವಿಶೇಷ ಇದೆ. ಇಲ್ಲಿ ಮೇಲಿನ ಮಿತಿಯೇ ಇಲ್ಲ. 200 ಪೌಂಡ್, ಅಂದರೆ ಸುಮಾರು 90.7 ಕಿಲೋ ದಾಟಿದರೆ ಸಾಮಾನ್ಯವಾಗಿ ಎಲ್ಲರೂ ಒಂದೇ ಗುಂಪು. ದೇಹ ದೊಡ್ಡದಾದ ಹಾಗೆ ಹೊಡೆಯುವ ಶಕ್ತಿ ಏರುತ್ತದೆ. ಏಟು ತಿನ್ನುವ ಮೆದುಳು ಆ ಪ್ರಮಾಣದಲ್ಲಿ ಬೆಳೆಯುವುದಿಲ್ಲ. 110 ಕಿಲೋ ಮನುಷ್ಯನ ಮೆದುಳು 55 ಕಿಲೋ ಮನುಷ್ಯನ ಮೆದುಳಿನ ಎರಡು ಪಟ್ಟು ಇರುವುದಿಲ್ಲ ತಾನೇ? ಇದರ ಬೆಲೆ ತೆರುವವರು ಬಾಕ್ಸರ್‌ಗಳೇ. ಏಟು ತಿಂದು ತಿಂದು ತೊದಲುವ, ತೂರಾಡುವ ಮಾಜಿ ಬಾಕ್ಸರ್‌ಗಳ ಸ್ಥಿತಿಯ ಬಗ್ಗೆ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಷ್ಟು ಹಿಂದೆಯೇ ಬರೆದಿದ್ದರು. ರೋಚಕ ಪಂದ್ಯಗಳ ಪಟ್ಟಿ ಮಾಡುವಾಗ ಇದು ನಮಗೆ ನೆನಪಾಗುವುದು ಕಡಿಮೆ.

ಈಗ ಒಂದು ಸಣ್ಣ ಲೆಕ್ಕ. ದುರ್ಬಲ ಎನಿಸಿಕೊಂಡ ಬಾಕ್ಸರ್ ಒಂದು ರೌಂಡಿನಲ್ಲಿ ಪಂದ್ಯ ಮುಗಿಸುವ ಪಂಚ್ ಹಾಕುವ ಸಾಧ್ಯತೆ 100ರಲ್ಲಿ 3 ಇರಲಿ. ಏನೇನೂ ಅಲ್ಲ ಅನಿಸುತ್ತದೆ. ಅವನು 12 ರೌಂಡ್ ನಿಂತನೆಂದರೆ, ಒಂದಾದರೂ ಅಂಥ ಪಂಚ್ ಬೀಳುವ ಸಾಧ್ಯತೆ 100ರಲ್ಲಿ 30 ದಾಟುತ್ತದೆ. ರೌಂಡಿಗೆ 1 ಇದ್ದರೂ ಕೊನೆಗೆ 11 ಆಗುತ್ತದೆ. ಈ ಅಂಕಿಗಳು ನಾನು ಸುಮ್ನೆ ಇಟ್ಟುಕೊಂಡವು, ನಿಜವಾದ ಪಂದ್ಯದಲ್ಲಿ ಒಂದೊಂದು ರೌಂಡೂ ಬೇರೆ. ಆದರೂ ವಿಷಯ ಗೊತ್ತಾಗುತ್ತದೆ. ಹಗುರ ತೂಕದ ಪಂದ್ಯದಲ್ಲಿ ಹಿಂದೆ ಬಿದ್ದವನು ಅಂಕ ಅಂಕವಾಗಿ ಏರಿ ಬರಬೇಕು. ಹೆವಿವೇಟ್‌ನಲ್ಲಿ ಹಿಂದೆ ಬಿದ್ದವನಿಗೆ ಕೊನೆಯ ಗಂಟೆವರೆಗೂ ಅಡ್ಡದಾರಿ ತೆರೆದೇ ಇರುತ್ತದೆ.

ನಾಕೌಟ್ ಆಗದಿದ್ದರೆ ಜಡ್ಜ್‌ಗಳು. ಪ್ರತಿ ರೌಂಡ್ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9, ನೆಲಕ್ಕೆ ಬಿದ್ದಿದ್ದರೆ 8 ಅಂಕ ಕೊಟ್ಟು ಕೂಡುತ್ತಾರೆ. ಅಲ್ಲಿ ಅದೃಷ್ಟದ ಪಾಲು ಕಡಿಮೆ ಅಂದುಕೊಳ್ಳಬೇಡಿ. 2024ರ ಮೇ 18ರಂದು ರಿಯಾದ್‌ನಲ್ಲಿ ಒಲೆಕ್ಸಾಂಡರ್ ಉಸಿಕ್ ಟೈಸನ್ ಫ್ಯೂರಿಯನ್ನು ಸೋಲಿಸಿದಾಗ ಒಬ್ಬ ಜಡ್ಜ್ 115-112, ಇನ್ನೊಬ್ಬರು 114-113 ಎಂದು ಉಸಿಕ್‌ಗೆ ಕೊಟ್ಟರು. ಮೂರನೆಯವರು 114-113 ಎಂದು ಫ್ಯೂರಿಗೆ ಕೊಟ್ಟರು. ಒಂಬತ್ತನೇ ರೌಂಡಿನಲ್ಲಿ ಹಗ್ಗಕ್ಕೆ ತಗುಲಿ ತೂರಾಡಿದ ಫ್ಯೂರಿಯನ್ನು ಬಿದ್ದವರಂತೆ ಪರಿಗಣಿಸಿ ರೆಫರಿ ಎಣಿಕೆ ಕೊಟ್ಟಿದ್ದರಿಂದ ಆ ರೌಂಡ್ 10-9ರ ಬದಲು 10-8 ಆಯಿತು. ಆ ಒಂದು ಅಂಕ ಫ್ಯೂರಿಗೆ ವಾಪಸ್ ಕೊಟ್ಟು ನೋಡಿ. 115-113 ಉಸಿಕ್, 114-114, 115-113 ಫ್ಯೂರಿ. ಪಂದ್ಯ ಡ್ರಾ! ಇದೇ ಪಂದ್ಯ ನೋಡಿ "ಉಸಿಕ್ ಸ್ಪಷ್ಟವಾಗಿ ಮೇಲು" ಅಂತ ವಾದಿಸುವವರಿಗೂ "ಫ್ಯೂರಿಗೆ ಮೋಸ ಆಯ್ತು" ಅನ್ನುವವರಿಗೂ ಆಧಾರ ಸಿಗುವುದು ಅದಕ್ಕೇ. ಅದೇ ಡಿಸೆಂಬರಿನ ಮರುಪಂದ್ಯದಲ್ಲಿ ಮೂವರೂ 116-112 ಅಂತ ಉಸಿಕ್‌ಗೆ ಕೊಟ್ಟರು. ಅಂದು ಫ್ಯೂರಿ ಅವರಿಗಿಂತ ಸುಮಾರು 25 ಕಿಲೋ ಜಾಸ್ತಿ ತೂಗುತ್ತಿದ್ದರು. ತೂಕವೊಂದನ್ನೇ ನೆಚ್ಚಿ ಭವಿಷ್ಯ ಹೇಳುವವರಿಗೆ ಇದನ್ನು ತೋರಿಸಬಹುದು.

ಜನರ ಕೂಗೂ ಲೆಕ್ಕಕ್ಕೆ ಬರುತ್ತದೆ. ಯುರೋಪಿಯನ್ ಚಾಂಪಿಯನ್‌ಶಿಪ್ ಪಂದ್ಯಗಳ ಬಗ್ಗೆ 2005ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದು ಸಮಬಲದ ಇಬ್ಬರು ಎದುರಾದರೆ ತವರಿನವನು ಗೆಲ್ಲುವ ಸಾಧ್ಯತೆಯನ್ನು ಲೆಕ್ಕ ಹಾಕಿತು. ಪಂದ್ಯ ನಾಕೌಟ್‌ನಲ್ಲಿ ಮುಗಿದರೆ 100ರಲ್ಲಿ 57. ರೆಫರಿ ನಿಲ್ಲಿಸಿದರೆ 66. ಜಡ್ಜ್‌ಗಳ ಅಂಕಕ್ಕೆ ಹೋದರೆ 74. ಮನುಷ್ಯರ ತೀರ್ಪು ಬೆರೆತಷ್ಟೂ ತವರಿನ ಲಾಭ ಏರಿತು. ಪಂದ್ಯ ಎಲ್ಲಿ ನಡೆಯುತ್ತದೆ ಅಂತ ಕೇಳದೆ ಭವಿಷ್ಯ ಹೇಳಲೇಬಾರದು.

ಪಂದ್ಯ ಮುಗಿದ ಮೇಲೆ ಎಲ್ಲರೂ ಜಾಣರೇ. ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೇಯ್ತ್ ಎಂಬ ಮನೋವಿಜ್ಞಾನಿಗಳು 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೋಗುವ ಮುಂಚೆ ಏನೇನು ಆಗಬಹುದು ಅಂತ ಜನರನ್ನು ಕೇಳಿ ಅಂಕಿ ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ ನೀವು ಆಗ ಎಷ್ಟು ಬರೆದಿದ್ದಿರಿ ಅಂತ ಕೇಳಿದರು. ನಡೆದ ಸಂಗತಿಗಳಿಗೆ ತಾವು ಹೆಚ್ಚಿನ ಅಂಕಿ ಕೊಟ್ಟಿದ್ದೆವು ಎಂದೇ ಹೆಚ್ಚಿನವರ ನೆನಪು. ಡಗ್ಲಸ್ ಪಂದ್ಯಕ್ಕೂ ಹಾಗೇ ಆಯಿತು. ತಾಯಿ ತೀರಿಕೊಂಡ ದುಃಖ ಡಗ್ಲಸ್‌ಗೆ ಛಲ ಕೊಟ್ಟಿತ್ತು, ಟೈಸನ್ ತರಬೇತಿ ಹಳಿ ತಪ್ಪಿತ್ತು, ಗೊತ್ತೇ ಇತ್ತು ಅನ್ನುತ್ತಾರೆ. ಎಂಟನೇ ರೌಂಡಿನ ಕೊನೆಯಲ್ಲಿ ಟೈಸನ್ ಹೊಡೆತಕ್ಕೆ ಬಿದ್ದ ಡಗ್ಲಸ್ ರೆಫರಿ ಒಂಬತ್ತು ಎಣಿಸುವಾಗ ಎದ್ದರು. ಏಳದೇ ಹೋಗಿದ್ದರೆ ಅದೇ ದುಃಖವೇ ಸೋಲಿಗೆ ಕಾರಣ ಆಗುತ್ತಿತ್ತು.

ಕಂಪ್ಯೂಟರ್ ಕೇಳೋಣ ಅಂದವರೂ ಇದ್ದರು. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹಳೆಯ ಮತ್ತು ಹೊಸ ಚಾಂಪಿಯನ್‌ಗಳ ಅಂಕಿಅಂಶವನ್ನು ಕಂಪ್ಯೂಟರಿಗೆ ಹಾಕಿ ಕಾಲ್ಪನಿಕ ಪಂದ್ಯ ಆಡಿಸಿದರು. ಒಂದರಲ್ಲಿ ಜಿಮ್ ಜೆಫ್ರೀಸ್ ಎದುರು ಅಲಿ ಸೋತರು. ಕೋಪಗೊಂಡ ಅಲಿ ಕೋರ್ಟಿಗೆ ಹೋದರು! ಆಮೇಲೆ ಅಲಿ ಮತ್ತು ನಿವೃತ್ತ ರಾಕಿ ಮಾರ್ಸಿಯಾನೊ ಇಬ್ಬರೂ ಕ್ಯಾಮೆರಾ ಮುಂದೆ ನಟಿಸಿದರು, ಬೇರೆ ಬೇರೆ ಕೊನೆಗಳನ್ನು ಚಿತ್ರಿಸಿಟ್ಟರು. 1970ರ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಮಾರ್ಸಿಯಾನೊ 13ನೇ ರೌಂಡಿನಲ್ಲಿ ಗೆದ್ದರು. ತಮ್ಮ 49 ಪಂದ್ಯಗಳನ್ನೂ ಗೆದ್ದ ಮಾರ್ಸಿಯಾನೊ ಆಡುತ್ತಿದ್ದಾಗ ಸುಮಾರು 85 ಕಿಲೋ ಇದ್ದರು. ಇಂದಿನ ನಿಯಮದಲ್ಲಿ ಅವರು ಹೆವಿವೇಟ್ ಆಗುತ್ತಲೇ ಇರಲಿಲ್ಲ. ಯಂತ್ರದ ತಪ್ಪಲ್ಲ. ಒಬ್ಬ ಬಾಕ್ಸರ್ ಇಡೀ ಜೀವನದಲ್ಲಿ ಆಡುವುದು ಐವತ್ತರ ಆಸುಪಾಸು ಪಂದ್ಯ, ಅದರಲ್ಲೂ ಬಹಳಷ್ಟು ತನಗಿಂತ ದುರ್ಬಲರ ಜೊತೆ. ಅಷ್ಟು ಕಡಿಮೆ ಮಾಹಿತಿಯಿಂದ ಯಾವ ಯಂತ್ರ ಏನು ತಾನೇ ಕಲಿಯಬೇಕು?

ಹಾಗಂತ ಮುಂದಿನ ಹೆವಿವೇಟ್ ಪಂದ್ಯದ ಬಗ್ಗೆ ಭವಿಷ್ಯ ಹೇಳಬಾರದೇ? ಹೇಳಬೇಕು, ಅದರಲ್ಲೇ ಮಜಾ ಇರೋದು. ಹೆಸರಿನ ಜೊತೆ ಒಂದು ಅಂಕಿಯನ್ನೂ ಹೇಳಿ, ಪಂದ್ಯಕ್ಕೆ ಮುಂಚೆ ಬರೆದಿಡಿ. ಟೋಕಿಯೊ ಪಂದ್ಯಕ್ಕೆ ಬೆಟ್ಟಿಂಗ್ ದರ ಒಂದಕ್ಕೆ 42 ಇತ್ತು. ಅಂದರೆ ಡಗ್ಲಸ್ ಗೆಲುವಿಗೆ 100ರಲ್ಲಿ 2ರ ಆಸುಪಾಸು. ಆ ಅಂಕಿ ತಪ್ಪಾಗಿತ್ತು ಅಂತ ಅವರು ಗೆದ್ದದ್ದೊಂದರಿಂದಲೇ ಹೇಳಲು ಬರುವುದಿಲ್ಲ. ನೂರರಲ್ಲಿ ಎರಡು ಸಲ ಆಗುವುದೂ ಆಗುತ್ತದೆ. ಅಂಕಿ ಹೇಳುವವರನ್ನು ತೂಗಬೇಕಾದರೆ ಹಲವು ಪಂದ್ಯ ಬೇಕು.

ತೂಗುವ ವಿಧಾನವನ್ನು ಹವಾಮಾನ ತಜ್ಞ ಗ್ಲೆನ್ ಬ್ರೈಯರ್ 1950ರಲ್ಲಿ ಕೊಟ್ಟರು. ನೀವು ಆರಿಸಿದವನು ಗೆದ್ದರೆ ಫಲಿತಾಂಶ 1, ಸೋತರೆ 0. ನಿಮ್ಮ ಅಂಕಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲ ಪಂದ್ಯಗಳ ಸರಾಸರಿ ತೆಗೆಯಿರಿ. ಕಡಿಮೆ ಬಂದಷ್ಟೂ ಒಳ್ಳೆಯದು. ಹತ್ತು ಪಂದ್ಯಗಳಲ್ಲಿ ಏಳನ್ನು ಸರಿಯಾಗಿ ಹೇಳಿದ ಇಬ್ಬರನ್ನು ತೆಗೆದುಕೊಳ್ಳಿ. ಪ್ರತಿ ಸಲವೂ "ನೂರಕ್ಕೆ 70" ಎಂದವರಿಗೆ 0.21 ಬರುತ್ತದೆ. ಪ್ರತಿ ಸಲವೂ "ನೂರಕ್ಕೆ 90, ಬರೆದಿಟ್ಟುಕೊಳ್ಳಿ" ಎಂದವರಿಗೆ 0.25. ಬಾಕ್ಸಿಂಗ್ ಗಂಧವೇ ಇಲ್ಲದೆ ಎಲ್ಲ ಪಂದ್ಯಕ್ಕೂ "ಐವತ್ತು ಐವತ್ತು" ಅಂದವರಿಗೂ ಸರಿಯಾಗಿ 0.25 ಬರುತ್ತದೆ.