ಮಾಂಸ ತೆಗೆಸಿದರೆ ಫೋ ಸಸ್ಯಾಹಾರ ಆಗುತ್ತದೆಯೇ?

ಪ್ರಶ್ನೆ: ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ವಿಯೆಟ್ನಾಂಗೆ ಹೊರಟಿದ್ದೇವೆ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ಹನೋಯ್‌ನಲ್ಲಿ ರಸ್ತೆಬದಿ ಅಂಗಡಿಯಲ್ಲಿ ಕೂತು ಫೋ, ಅಂದರೆ ಬಿಸಿ ಸಾರಿನಲ್ಲಿ ಕೊಡುವ ಅಲ್ಲಿನ ಅಕ್ಕಿ ನೂಡಲ್ಸು, ತಿನ್ನುವ ಆಸೆ. ‘ಮಾಂಸ ಹಾಕಬೇಡಿ’ ಅಂದರೆ ಸಾಕಲ್ಲವೇ?

ಸಾಲದು.

ಇದೇ ಪ್ರಶ್ನೆಗೆ ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ ಲೆಕ್ಕ ತಪ್ಪಿದೆ. ಹೊರಡುವ ಪ್ರತಿ ಕುಟುಂಬವೂ ಕೇಳುತ್ತದೆ. ಅಷ್ಟರಲ್ಲಿ ಹೋಗಿಬಂದ ನೆಂಟರೊಬ್ಬರು, “ನಾವು ಹಾಗೇ ಹೇಳಿ ತಿಂದ್ವಿ, ಏನೂ ಇರಲಿಲ್ಲ, ಬರೀ ನೂಡಲ್ಸು, ನೀರು” ಅಂತ ಧೈರ್ಯ ತುಂಬಿರುತ್ತಾರೆ. ಆ ‘ನೀರು’ ಅನ್ನುವ ಮಾತಿನಲ್ಲೇ ತಪ್ಪಿರುವುದು. ಈ ಸಲ ಅದನ್ನು ಬುಡದಿಂದ ಬಿಡಿಸಿ ಹೇಳುತ್ತೇನೆ.

ನಮ್ಮ ಮಿಲಿಟರಿ ಹೋಟೆಲಿನ ಕಾಲ್ ಸೂಪನ್ನು ನೆನಪಿಸಿಕೊಳ್ಳಿ. ಲೋಟದಲ್ಲಿ ಒಂದೇ ಒಂದು ತುಂಡು ಇಲ್ಲದಿದ್ದರೂ ಅದನ್ನು ಸಸ್ಯಾಹಾರ ಅನ್ನುವವರು ಯಾರಾದರೂ ಇದ್ದಾರೆಯೇ? ಫೋ ಕೂಡ ಹಾಗೆಯೇ. ಅದರ ಜೀವ ಇರುವುದು ಸಾರಿನಲ್ಲಿ. ದನದ ಮೂಳೆಗಳನ್ನು ಒಂದು ಕುದಿ ಕುದಿಸಿ, ಆ ನೀರು ಚೆಲ್ಲಿ, ತೊಳೆದು, ಮತ್ತೆ ಹೊಸ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ರಾತ್ರಿಯಿಡೀ ಬೇಯಿಸುತ್ತಾರೆ. ಎಂಟು, ಹತ್ತು, ಹನ್ನೆರಡು ಗಂಟೆ. ಮೇಲೆ ಬರುವ ನೊರೆಯನ್ನು ಆಗಾಗ ತೆಗೆಯುತ್ತಾರೆ. ಹಾಗಾಗಿ ಆ ಸಾರು ತಿಳಿಯಾಗಿ, ನೋಡುವವರಿಗೆ ನೀರಿನಂತೆ ಕಾಣುತ್ತದೆ. ಉಪ್ಪಿನಂಶಕ್ಕೆ ನ್ಯೋಕ್ ಮಾಮ್ ಬೀಳುತ್ತದೆ. ಅದು ಸಣ್ಣ ಮೀನುಗಳನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಸಿ ಬಸಿದ ರಸ. ಅಂಗಡಿಯಾಕೆ ಕೊನೆಯಲ್ಲಿ ಮೇಲೆ ಜೋಡಿಸುವ ನಾಲ್ಕು ಮಾಂಸದ ಹೋಳನ್ನು ಬೇಡವೆಂದರೆ, ಆ ನಾಲ್ಕು ಹೋಳು ತಪ್ಪಿತು, ಅಷ್ಟೇ.

ಜನ ಯಾಕೆ ಮೋಸಹೋಗುತ್ತಾರೆ ಅನ್ನುವುದೂ ನನಗೆ ಗೊತ್ತು. ಹನೋಯ್‌ನಲ್ಲಿ ನಾನಿದ್ದಾಗ ಅಮ್ಮ ಬಂದಿದ್ದರು. ಬೆಳಗ್ಗೆ ಆರಕ್ಕೆ ನಮ್ಮ ಗಲ್ಲಿಯ ಮೂಲೆಯ ಅಂಗಡಿ ಮುಂದೆ ನಿಂತೆವು. ಅಂಗಡಿಯಾಕೆ ಒಂದು ಹಿಡಿ ನೂಡಲ್ಸನ್ನು ಬಿದಿರಿನ ಜರಡಿಯಲ್ಲಿ ಹಾಕಿ ಕುದಿನೀರಲ್ಲಿ ಅದ್ದಿ, ಎರಡು ಸಲ ಕೊಡವಿ ಬಟ್ಟಲಿಗೆ ಸುರಿದಳು. ಈರುಳ್ಳಿ ಸೊಪ್ಪು, ಹೋಳು, ಮೇಲಿಂದ ಸೌಟು ತುಂಬ ಸಾರು. ಆವಿ ಎದ್ದದ್ದೇ ಅಮ್ಮ ಮೂಗರಳಿಸಿ, “ಇದು ನಮ್ಮ ಪಲಾವಿನ ವಾಸನೆ ಅಲ್ವೇನೋ!” ಅಂದರು. ನಿಜ. ಚಕ್ಕೆ, ಲವಂಗ, ಚಕ್ರಮೊಗ್ಗು, ಕೊತ್ತಂಬರಿ ಬೀಜ, ದೊಡ್ಡ ಕಪ್ಪು ಏಲಕ್ಕಿ, ಕೆಂಡದಲ್ಲಿ ಸುಟ್ಟ ಶುಂಠಿ, ಈರುಳ್ಳಿ ಎಲ್ಲವೂ ಆ ಹಂಡೆಯಲ್ಲಿವೆ. ಮೂಗು ಅಡುಗೆಮನೆಗೆ ಕರೆದುಕೊಂಡು ಹೋಗುತ್ತದೆ, ಮೂಳೆ ತಳದಲ್ಲಿ ಮುಳುಗಿರುತ್ತದೆ.

ಅಂಗಡಿಯವರು ಮೋಸ ಮಾಡಿದರು ಅಂತ ದಯವಿಟ್ಟು ಹೇಳಬೇಡಿ. ನೀವು ‘ಖೋಂಗ್ ಥಿತ್’ ಅಂದರೆ ಮಾಂಸ ಬೇಡ ಎಂದರ್ಥ. ಅವರು ಮಾಂಸ ಬಿಟ್ಟು ಕೊಟ್ಟರು. ಅವರ ಭಾಷೆಯಲ್ಲಿ ಮಾಂಸವಿಲ್ಲದ್ದು ಬೇರೆ, ಸಸ್ಯಾಹಾರ ಬೇರೆ. ಯುದ್ಧದ ಕಾಲದಲ್ಲೂ ಆಮೇಲಿನ ಪಡಿತರದ ವರ್ಷಗಳಲ್ಲೂ ಹನೋಯ್‌ನ ಸರ್ಕಾರಿ ಅಂಗಡಿಗಳಲ್ಲಿ ಮಾಂಸದ ಹೋಳಿಲ್ಲದ ಫೋ ಮಾರುತ್ತಿದ್ದರು. ತಲೆ ಮೇಲೆ ಹಾರುತ್ತಿದ್ದ ಅಮೆರಿಕದ ಪೈಲಟ್‌ರಹಿತ ವಿಮಾನಗಳನ್ನು ನೋಡಿ ಜನ ಅದಕ್ಕೆ ‘ಚಾಲಕನಿಲ್ಲದ ಫೋ’ ಎಂದು ಹೆಸರಿಟ್ಟರು. ಸಸ್ಯಾಹಾರಿ ಫೋ ಅಂತ ಮಾತ್ರ ಅನ್ನಲಿಲ್ಲ. ಆ ಪದವನ್ನು ಅವರು ಬೇರೆಯದೇ ಅಡುಗೆಗೆ ಮೀಸಲಿಟ್ಟಿದ್ದಾರೆ.

ಆ ಪದವೇ ‘ಚಯ್’. ನಿಮಗೆ ಬೇಕಾದದ್ದು ಇದೊಂದೇ. ಬೋರ್ಡಿನ ಮೇಲೆ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರ ಹುಡುಕಿ. ಬಾಯಲ್ಲಿ ಹೇಳುವುದಾದರೆ ‘ತೋಯ್ ಅನ್ ಚಯ್’, ಅಂದರೆ ನಾನು ಸಸ್ಯಾಹಾರಿ. ಎಳೆದು ‘ಚಾಯ್’ ಅಂದರೆ ಅದು ಬಾಟಲಿ ಆಗಿಬಿಡುತ್ತದೆ, ಮೊಟಕಾಗಿ ಹೇಳಿ. ಚಯ್ ಅಂಗಡಿಗಳಲ್ಲಿ ಫೋ ಸಾರನ್ನು ಮೂಲಂಗಿ, ಕ್ಯಾರೆಟ್, ಜೋಳದ ತೆನೆ, ಅಣಬೆಗಳಿಂದ ಕಾಯಿಸುತ್ತಾರೆ. ಮೀನಿನ ರಸದ ಜಾಗಕ್ಕೆ ಸೋಯಾ ಬರುತ್ತದೆ, ಹೋಳಿನ ಜಾಗಕ್ಕೆ ತೋಫು. ಮೂಳೆಯ ಸಾರಿನ ಗಟ್ಟಿತನ ಅದಕ್ಕಿಲ್ಲ, ಆದರೆ ಮಸಾಲೆ ಅದೇ, ನೂಡಲ್ಸು ಅದೇ. ನಿಂಬೆ ಹಿಂಡುವ ಮೊದಲು ಒಂದು ಚಮಚ ಸಾರನ್ನು ಹಾಗೇ ಕುಡಿದು ನೋಡಿ.

ಚಯ್ ಬೌದ್ಧರ ಪದ್ಧತಿ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಅಲ್ಲಿ ಎಷ್ಟೋ ಮಂದಿ ಮಾಂಸ ಮುಟ್ಟುವುದಿಲ್ಲ. ನಮ್ಮ ಲೆಕ್ಕದಲ್ಲಿ ಅದು ಅಮಾವಾಸ್ಯೆಯ ಆಸುಪಾಸು ಮತ್ತು ಹುಣ್ಣಿಮೆ. ನಿಮ್ಮ ಪ್ರವಾಸದಲ್ಲಿ ಅಂಥ ದಿನ ಬಿದ್ದರೆ ಅದೃಷ್ಟ: ಚಯ್ ಅಂಗಡಿಗಳು ಗಿಜಿಗುಡುತ್ತಿರುತ್ತವೆ. ಕ್ಯಾಲೆಂಡರಿಗೆ ಒಮ್ಮೆ ಕಣ್ಣು ಹಾಯಿಸಿ ಟಿಕೆಟ್ ಮಾಡಿ. ಇನ್ನೊಂದು ವಿಷಯ, ಮನೆಯ ಹಿರಿಯರು ಈರುಳ್ಳಿ ಬೆಳ್ಳುಳ್ಳಿ ತಿನ್ನದಿದ್ದರೆ ಹೇಳಲು ಹಿಂಜರಿಯಬೇಡಿ. ಕಟ್ಟುನಿಟ್ಟಾದ ಬೌದ್ಧ ಅಡುಗೆಯಲ್ಲಿ ಅವೂ ನಿಷಿದ್ಧ, ಆದ್ದರಿಂದ ಅಲ್ಲಿ ಅದು ವಿಚಿತ್ರ ಬೇಡಿಕೆ ಅಲ್ಲ. ಎಲ್ಲ ಅಂಗಡಿಗಳೂ ಅದನ್ನು ಪಾಲಿಸುವುದಿಲ್ಲ, ಕೇಳಿಯೇ ತಿನ್ನಿ.

ದನದ ಮಾಂಸ ಮಾತ್ರ ಬೇಡ, ಕೋಳಿ ಆಗುತ್ತದೆ ಅನ್ನುವವರು ‘ಫೋ ಗಾ’ ಕೇಳಬೇಕು. ‘ಫೋ ಬೊ’ ದನದ್ದು. ಕೋಳಿಯೊಂದನ್ನೇ ಮಾಡುವ ಅಂಗಡಿಗೆ ಹೋಗುವುದು ಒಳ್ಳೆಯದು. ಕೆಲವರು ಕೋಳಿ ಸಾರಿಗೆ ಹಂದಿ ಮೂಳೆಯನ್ನೂ ಸೇರಿಸುತ್ತಾರೆ.

ಕೇಳದಿದ್ದರೂ ಒಂದು ಮಾತು ಹೇಳಬೇಕು. ಫೋ ನೂಡಲ್ಸು ನಮ್ಮ ಶಾವಿಗೆಯೇ ಅಂತ ಬಹಳ ಮಂದಿ ಬರೆಯುತ್ತಾರೆ. ಎರಡೂ ಅಕ್ಕಿಯವೇ, ಆದರೆ ಒಂದೇ ಅಲ್ಲ. ಫೋಗೆ ನೀರುದೋಸೆಯಂಥ ತೆಳು ಹಿಟ್ಟನ್ನು ಹಂಡೆಯ ಬಾಯಿಗೆ ಬಿಗಿದ ಬಟ್ಟೆ ಮೇಲೆ ಹರಡಿ, ಆವಿಯಲ್ಲಿ ಬೇಯಿಸಿ, ಹಾಳೆಯಂತೆ ಎತ್ತಿ, ಆರಿದ ಮೇಲೆ ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಾರೆ. ನಮ್ಮ ಒತ್ತು ಶಾವಿಗೆಯ ನಿಜವಾದ ನೆಂಟ ‘ಬುನ್’. ಅಕ್ಕಿ ಹುಳಿ ಬರಿಸಿ, ರುಬ್ಬಿ, ಮಿದ್ದು, ತೂತಿನ ಅಚ್ಚಿನಿಂದ ಕುದಿಯುವ ನೀರಿಗೆ ಒತ್ತುತ್ತಾರೆ. ನಾವು ಬೇಯಿಸಿ ಒತ್ತುತ್ತೇವೆ, ಅವರು ಒತ್ತಿ ಬೇಯಿಸುತ್ತಾರೆ, ವ್ಯತ್ಯಾಸ ಅಷ್ಟೇ. ಅಮ್ಮನಿಗೆ ಹಿಡಿಸಿದ್ದು ಫೋ ಅಲ್ಲ, ಇದು. ಚಯ್ ಅಂಗಡಿಯಲ್ಲಿ ಬುನ್ ಜೊತೆ ಕರಿದ ತೋಫು ಬಂದಾಗ ಒಂದು ಎಳೆಯನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ, “ಶಾವಿಗೆ ಒರಳು ಯಾವ ಮರದ್ದು ಕೇಳು” ಅಂದರು. ಕೇಳಿದೆ. ಅಂಗಡಿಯಾಕೆ ನಕ್ಕು, ತಾನು ಮಾರುಕಟ್ಟೆಯಿಂದ ಕಿಲೋ ಲೆಕ್ಕದಲ್ಲಿ ತರುವುದು ಅಂದಳು.