ಕೂಲಂಟ್ ಕೊಳ್ಳುವಾಗ ಬಣ್ಣ ಬಿಡಿ, ಡಬ್ಬಿಯ ಹಿಂಬದಿ ಓದಿ

ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಬದಲಿಸುವ ಮಾತು ಬಂದಾಗಲೆಲ್ಲ ಕಾರಿನ ಮಾಲೀಕರು ಮೊದಲು ಹೇಳುವುದು ಬಣ್ಣವನ್ನು. 'ಈಗಿರೋದು ಹಸಿರು ಸರ್, ಹಸಿರೇ ಹಾಕಿಬಿಡಿ' ಅನ್ನುತ್ತಾರೆ. ಹಾಗೆ ಕೇಳುವುದು ಸಹಜ. ಟ್ಯಾಂಕಿನ ಮುಚ್ಚಳ ತೆಗೆದಾಗ ಕಣ್ಣಿಗೆ ಕಾಣುವ ಗುರುತು ಅದೊಂದೇ. ಆದರೆ ಆ ಬಣ್ಣ ತಯಾರಕರು ಬೆರೆಸಿದ ಡೈ, ಅಷ್ಟೇ. ಸೋರಿದರೆ ಗೊತ್ತಾಗಲಿ, ಬ್ರೇಕ್ ಆಯಿಲ್ ಜೊತೆ ಗೊಂದಲವಾಗದಿರಲಿ ಎಂದು ಹಾಕುತ್ತಾರೆ. ಇಂಥ ರಸಾಯನಕ್ಕೆ ಇಂಥದೇ ಬಣ್ಣ ಎಂಬ ನಿಯಮ ಜಗತ್ತಿನಲ್ಲಿ ಎಲ್ಲೂ ಇಲ್ಲ. ಹೋಂಡಾದ ಟೈಪ್ 2 ಕೂಲಂಟ್ ನೀಲಿ. ಬಿಎಂಡಬ್ಲ್ಯು ಬಹುಕಾಲ ಬಳಸಿದ್ದೂ ನೀಲಿಯನ್ನೇ. ಮೊದಲನೆಯದರಲ್ಲಿ ತುಕ್ಕು ತಡೆಯಲು ಫಾಸ್ಫೇಟ್ ಇದೆ, ಸಿಲಿಕೇಟ್ ಇಲ್ಲ. ಎರಡನೆಯದರಲ್ಲಿ ಸಿಲಿಕೇಟ್ ಇದೆ, ಫಾಸ್ಫೇಟ್ ಇಲ್ಲ. ಬಣ್ಣ ನೋಡಿ ಒಂದರ ಜಾಗಕ್ಕೆ ಇನ್ನೊಂದನ್ನು ಸುರಿದರೆ ಒಳಗೆ ಹೋಗುವುದು ಬೇರೆಯದೇ ವಸ್ತು.

ಹಾಗಾದರೆ ಯಾವುದನ್ನು ನೋಡಬೇಕು? ಕೂಲಂಟ್‌ನಲ್ಲಿ ಏನೇನಿದೆ ಎಂದು ತಿಳಿದರೆ ಇದು ಸುಲಭ.

ಬಳಕೆಗೆ ಸಿದ್ಧವಾದ ಕೂಲಂಟ್‌ನಲ್ಲಿ ಸುಮಾರು ಅರ್ಧ ಭಾಗ ನೀರು. ಉಳಿದದ್ದರಲ್ಲಿ ಬಹುಪಾಲು ಎಥಿಲೀನ್ ಗ್ಲೈಕಾಲ್, ಕೆಲವೊಮ್ಮೆ ಪ್ರೊಪಿಲೀನ್ ಗ್ಲೈಕಾಲ್. ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಪಾಲು ಬೆರೆಸಿದರೆ ಅದು ಹೆಪ್ಪುಗಟ್ಟುವುದು ಮೈನಸ್ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಕುದಿಯುವುದು 107 ಡಿಗ್ರಿಯ ಹತ್ತಿರ. ರೇಡಿಯೇಟರ್ ಮುಚ್ಚಳ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟಾಗ ಕುದಿಯುವ ಬಿಂದು 125 ಡಿಗ್ರಿಯನ್ನೂ ದಾಟುತ್ತದೆ. ಈ ವಿಷಯದಲ್ಲಿ ಅಂಗಡಿಯ ಕಪಾಟಿನಲ್ಲಿರುವ ಡಬ್ಬಿಗಳೆಲ್ಲ ಹೆಚ್ಚೂಕಡಿಮೆ ಒಂದೇ. ವ್ಯತ್ಯಾಸವೆಲ್ಲ ಇರುವುದು ಶೇಕಡಾ ಕೆಲವೇ ಪಾಲಿನಷ್ಟಿರುವ ತುಕ್ಕು ನಿರೋಧಕಗಳಲ್ಲಿ. ನಾವು ಆಯ್ಕೆ ಮಾಡುತ್ತಿರುವುದು ಅದನ್ನೇ.

ಎಂಜಿನ್ನಿನ ಒಳಗೆ ಅಲ್ಯೂಮಿನಿಯಂ, ಎರಕದ ಕಬ್ಬಿಣ, ಉಕ್ಕು, ಕೆಲವು ಗಾಡಿಗಳಲ್ಲಿ ತಾಮ್ರ, ಹಿತ್ತಾಳೆ, ಬೆಸುಗೆಯ ಸೀಸ ಎಲ್ಲವೂ ಒಂದೇ ಬಿಸಿ ದ್ರವದಲ್ಲಿ ಮುಳುಗಿರುತ್ತವೆ. ಬೇರೆ ಬೇರೆ ಲೋಹಗಳು ಒಂದೇ ದ್ರವದಲ್ಲಿದ್ದರೆ ಅವುಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆಯುತ್ತದೆ, ಒಂದು ಲೋಹ ಸವೆಯುತ್ತದೆ. ಅದನ್ನು ತಡೆಯಲು ತಯಾರಕರು ಹಿಡಿದ ದಾರಿಗಳು ಬೇರೆ ಬೇರೆ.

ಹಳೆಯ ದಾರಿ ಅಜೈವಿಕ ಲವಣಗಳದು: ಸಿಲಿಕೇಟ್, ಫಾಸ್ಫೇಟ್, ಬೋರೇಟ್ ಮುಂತಾದವು. ಇವು ಲೋಹದ ಮೈಮೇಲೆಲ್ಲ ಬೇಗನೆ ತೆಳು ಪದರ ಕಟ್ಟುತ್ತವೆ. ರಕ್ಷಣೆ ಗಟ್ಟಿ, ಆದರೆ ಪದರ ಕಟ್ಟುತ್ತಾ ಕಟ್ಟುತ್ತಾ ಲವಣ ಖರ್ಚಾಗಿಬಿಡುತ್ತದೆ. ಅದಕ್ಕೇ ಈ ಬಗೆಯದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ತಾಮ್ರ-ಹಿತ್ತಾಳೆ ರೇಡಿಯೇಟರ್ ಇರುವ ಹಳೆಯ ಕಾರುಗಳಿಗೆ ಇಂದಿಗೂ ನಾನು ಹೇಳುವುದು ಇದನ್ನೇ. ಆ ಬೆಸುಗೆಯನ್ನು ಕಾಪಾಡುವುದರಲ್ಲಿ ಹೊಸ ಬಗೆಯವು ಇದರಷ್ಟು ಚೆನ್ನಾಗಿಲ್ಲ.

ಎರಡನೆಯದು ಸಾವಯವ ಆಮ್ಲಗಳ ದಾರಿ, ಡಬ್ಬಿಯ ಮೇಲೆ ಒಎಟಿ ಎಂದಿರುತ್ತದೆ. ಈ ಆಮ್ಲದ ಲವಣಗಳು ಇಡೀ ಮೈಗೆ ಪದರ ಕಟ್ಟಲು ಹೋಗುವುದಿಲ್ಲ. ತುಕ್ಕು ಶುರುವಾಗುವ ಜಾಗದಲ್ಲಷ್ಟೇ ಕೆಲಸ ಮಾಡುತ್ತವೆ. ಖರ್ಚು ಕಡಿಮೆ, ಆದ್ದರಿಂದ ಬಾಳಿಕೆ ಹೆಚ್ಚು, ಐದು ವರ್ಷ ಬರುತ್ತದೆ. ಜನರಲ್ ಮೋಟಾರ್ಸ್ 1990ರ ದಶಕದ ನಡುವಿನಲ್ಲಿ ಕಿತ್ತಳೆ ಬಣ್ಣದ ಡೆಕ್ಸ್‌ಕೂಲ್ ತಂದದ್ದು ಈ ದಾರಿಯಲ್ಲೇ. ದೌರ್ಬಲ್ಯವೂ ಉಂಟು. ರಕ್ಷಣೆ ನಿಧಾನವಾಗಿ ನೆಲೆಗೊಳ್ಳುತ್ತದೆ, ಕೂಲಂಟ್ ಮಟ್ಟ ಇಳಿದು ಒಳಗೆ ಗಾಳಿ ಸೇರಿದರೆ ತೊಂದರೆ ಬೇಗ ಕಾಣಿಸಿಕೊಳ್ಳುತ್ತದೆ.

ಮೂರನೆಯದು ಇವೆರಡರ ಮಿಶ್ರಣ. ಗೊಂದಲ ಹೆಚ್ಚಿರುವುದು ಇಲ್ಲೇ, ಯಾಕೆಂದರೆ ಮಿಶ್ರಣದಲ್ಲೇ ಎರಡು ಮನೆತನಗಳಿವೆ. ಯುರೋಪಿನ ತಯಾರಕರು ಫಾಸ್ಫೇಟನ್ನು ದೂರ ಇಟ್ಟರು. ಅಲ್ಲಿ ಗಡಸು ನೀರು ಹೆಚ್ಚು, ನೀರಿನ ಕ್ಯಾಲ್ಸಿಯಂ ಜೊತೆ ಫಾಸ್ಫೇಟ್ ಸೇರಿದರೆ ಬಿಳಿ ಗಾರೆಯಂತೆ ಗಟ್ಟಿಯಾಗಿ ಕೂತುಬಿಡುತ್ತದೆ. ಹಾಗಾಗಿ ಅವರು ಆಮ್ಲಗಳ ಜೊತೆ ಸಿಲಿಕೇಟ್ ಸೇರಿಸಿದರು. ಜಪಾನಿನ ತಯಾರಕರು ವಾಟರ್ ಪಂಪಿನ ಸೀಲ್ ಸವೆಯುತ್ತದೆಂದು ಸಿಲಿಕೇಟನ್ನು ಬಿಟ್ಟು ಫಾಸ್ಫೇಟ್ ಇಟ್ಟುಕೊಂಡರು. ಟೊಯೋಟಾದ ಗುಲಾಬಿ ಸೂಪರ್ ಲಾಂಗ್ ಲೈಫ್, ಹೋಂಡಾದ ನೀಲಿ ಟೈಪ್ 2 ಈ ಮನೆತನದವು. ಎರಡೂ ಮನೆತನದವು ಒಳ್ಳೆಯ ಕೂಲಂಟ್‌ಗಳೇ. ಯಾವುದು ಮೇಲು ಎಂಬ ಪ್ರಶ್ನೆಗೆ ಅರ್ಥವಿಲ್ಲ; ಪಂಪಿನ ಸೀಲ್, ಗ್ಯಾಸ್ಕೆಟ್, ರೇಡಿಯೇಟರನ್ನು ಯಾವ ಮನೆತನಕ್ಕೆಂದು ಪರೀಕ್ಷಿಸಿ ಕೂರಿಸಿದ್ದಾರೋ ಅದು ಆ ಎಂಜಿನ್ನಿಗೆ ಸರಿ.

ಇದನ್ನು ಹೇಳುವುದು ಓನರ್ಸ್ ಮ್ಯಾನ್ಯುವಲ್. 'ದ್ರವಗಳು ಮತ್ತು ಪ್ರಮಾಣ' ಪುಟದಲ್ಲಿ ಕೂಲಂಟ್‌ನ ನಿರ್ದಿಷ್ಟ ಹೆಸರು ಅಥವಾ ಸಂಖ್ಯೆ ಇರುತ್ತದೆ, ಒಟ್ಟು ಎಷ್ಟು ಲೀಟರ್ ಎಂಬುದೂ ಇರುತ್ತದೆ. ಎರಡನ್ನೂ ಬರೆದುಕೊಂಡು ಅಂಗಡಿಗೆ ಹೋಗಿ. ಕಂಪನಿಯದೇ ಡಬ್ಬಿ ಸಿಕ್ಕರೆ ಯೋಚನೆಯೇ ಬೇಡ. ಸಿಗದಿದ್ದರೆ ಬೇರೆ ತಯಾರಕರದೂ ನಡೆಯುತ್ತದೆ, ಆದರೆ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಫೋಕ್ಸ್‌ವ್ಯಾಗನ್ ಗುಂಪಿನ ಟಿಎಲ್ 774 ಸರಣಿ, ಮರ್ಸಿಡಿಸ್‌ನ 325 ಸರಣಿ, ಹೀಗೆ ಕಾರಿನ ತಯಾರಕರ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಕೊನೆಯ ಅಕ್ಷರ ಅಥವಾ ಅಂಕಿಯವರೆಗೂ ಹೊಂದಬೇಕು. ಸರಣಿ ಒಂದೇ ಆದರೂ ಕೊನೆಯ ಅಕ್ಷರ ಬದಲಾದರೆ ರಸಾಯನ ಬದಲಾಗುತ್ತದೆ. ಅದರ ಪಕ್ಕದ ಪದವನ್ನೂ ನೋಡಿ. 'ಅಪ್ರೂವ್ಡ್' ಎಂದರೆ ಕಾರಿನ ಕಂಪನಿಯೇ ಪರೀಕ್ಷಿಸಿ ಒಪ್ಪಿದ್ದು. 'ಸೂಟಬಲ್ ಫಾರ್' ಎಂದಿದ್ದರೆ ಹಾಗೆ ಹೇಳುತ್ತಿರುವುದು ಕೂಲಂಟ್ ಮಾರುವವರು. ಎಎಸ್‌ಟಿಎಂ ಡಿ3306 (ಅಮೆರಿಕದ ಮಾನದಂಡ), ಜೆಐಎಸ್ ಕೆ2234 (ಜಪಾನಿನದು) ಎಂಬ ಗುರುತುಗಳು ಕನಿಷ್ಠ ಗುಣಮಟ್ಟದ ಭರವಸೆ ಕೊಡುತ್ತವೆ. ಇರಲೇಬೇಕು, ಆದರೆ ಅಷ್ಟೇ ಸಾಲದು: ನಿಮ್ಮ ಎಂಜಿನ್ನಿಗೆ ಯಾವ ಮನೆತನ ಬೇಕು ಎಂಬುದನ್ನು ಅವು ಹೇಳುವುದಿಲ್ಲ.

ಎಲ್ಲ ಕಾರಿಗೂ, ಎಲ್ಲ ಬಣ್ಣಕ್ಕೂ ಹೊಂದುತ್ತದೆ ಎಂದು ಬರೆದ 'ಯೂನಿವರ್ಸಲ್' ಕೂಲಂಟ್ ಬಗ್ಗೆ ನನ್ನ ಅಭಿಪ್ರಾಯ ನೇರವಾದದ್ದು. ದಾರಿಯಲ್ಲಿ ಮಟ್ಟ ಇಳಿದಾಗ ಒಂದಿಷ್ಟು ತುಂಬಿಸಿ ಊರು ಸೇರಲು ಅದು ಸಾಕು. ಪೂರ್ತಿ ಬದಲಿಸುವಾಗ, ಕಾರಿನ ಕಂಪನಿಯ ಸಂಖ್ಯೆ ಅದರ ಮೇಲಿಲ್ಲದಿದ್ದರೆ ನಾನು ಹಾಕುವುದಿಲ್ಲ. ಸಿಲಿಕೇಟ್ ಬೇಡದ ಎಂಜಿನ್ನನ್ನೂ ಸಿಲಿಕೇಟ್ ಬೇಕೇಬೇಕಾದ ಎಂಜಿನ್ನನ್ನೂ ಒಂದೇ ಡಬ್ಬಿ ಹೇಗೆ ತೃಪ್ತಿಪಡಿಸೀತು?

ಎರಡು ಬಗೆ ಬೆರೆತರೆ ಏನಾಗುತ್ತದೆ? ತಕ್ಷಣ ಎಂಜಿನ್ ಕೆಟ್ಟುಹೋಗುತ್ತದೆ ಎಂಬ ಭಯ ಬೇಡ. ಕೆಲವು ಜೋಡಿಗಳು ನಿಜವಾಗಿಯೂ ಕೆಡುತ್ತವೆ. ಫೋಕ್ಸ್‌ವ್ಯಾಗನ್‌ನ ಹಳೆಯ ಜಿ11 ಕೂಲಂಟ್ ಜೊತೆ ಜಿ12 ಕೂಲಂಟ್ ಬೆರೆಸಿದಾಗ ಕಂದು ರಾಡಿಯಾಗುತ್ತಿದ್ದುದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ಹೆಚ್ಚಿನ ಜೋಡಿಗಳಲ್ಲಿ ಹಾಗೆ ಕಣ್ಣಿಗೆ ಏನೂ ಕಾಣುವುದಿಲ್ಲ. ಎರಡೂ ನಿರೋಧಕಗಳು ತೆಳುವಾಗಿ ಯಾವುದೂ ಸಾಲದೆ ಹೋಗುತ್ತದೆ, ಐದು ವರ್ಷ ಬರಬೇಕಾದದ್ದು ಎರಡು ವರ್ಷದ ಕೂಲಂಟ್ ಆಗುತ್ತದೆ. ನನಗೆ ಹೆಚ್ಚು ಕಳವಳ ಇದರದ್ದೇ, ಯಾಕೆಂದರೆ ಮಾಲೀಕರು ಇನ್ನೂ ಮೂರು ವರ್ಷ ಇದೆ ಎಂದು ನಿಶ್ಚಿಂತೆಯಿಂದ ಓಡಿಸುತ್ತಿರುತ್ತಾರೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರ ಸಮಸ್ಯೆ ಬೇರೆ. ಒಳಗೆ ಏನಿದೆ, ಯಾವಾಗ ಹಾಕಿದ್ದು, ಏನೂ ಗೊತ್ತಿರುವುದಿಲ್ಲ. ಅಂಥ ಕಡೆ ಊಹೆ ಮಾಡಬೇಡಿ. ಮೊದಲು ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಿ. ತಿಳಿಯಾಗಿದೆಯೇ, ತುಕ್ಕಿನ ಕೆಸರು ಇದೆಯೇ, ಮೇಲೆ ಎಣ್ಣೆಯ ಜಿಡ್ಡು ತೇಲುತ್ತಿದೆಯೇ? ಜಿಡ್ಡು ಕಂಡರೆ ಕೂಲಂಟ್ ಕೊಳ್ಳುವ ಮಾತು ಆಮೇಲಿರಲಿ. ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ಒಡೆದಿರಬಹುದು, ಅದನ್ನು ಸರಿಪಡಿಸದೆ ಎಷ್ಟು ಒಳ್ಳೆಯ ಕೂಲಂಟ್ ಸುರಿದರೂ ವ್ಯರ್ಥ. ಪದೇ ಪದೇ ಮಟ್ಟ ಇಳಿಯುತ್ತಿದ್ದರೂ ಅಷ್ಟೇ, ಸೋರಿಕೆ ಎಲ್ಲಿದೆ ಎಂದು ಮೊದಲು ಹುಡುಕಿಸಿ. ತಿಳಿಯಾಗಿದ್ದರೂ ಇತಿಹಾಸ ಗೊತ್ತಿಲ್ಲದಿದ್ದರೆ ಪೂರ್ತಿ ಇಳಿಸಿ, ಹೊರಬರುವ ನೀರಿನಲ್ಲಿ ಬಣ್ಣ ಉಳಿಯದಷ್ಟು ತೊಳೆಸಿ, ಮ್ಯಾನ್ಯುವಲ್ ಹೇಳಿದ್ದನ್ನು ಹಾಕಿಸಿ. ಅಲ್ಲಿಂದ ನಿಮ್ಮ ಲೆಕ್ಕ ಶುರುವಾಗಲಿ.

ತೊಳೆಯುವ ಮಾತು ಬಂದದ್ದರಿಂದ ಒಂದು ಲೆಕ್ಕ ಹೇಳಲೇಬೇಕು, ಕೆಲಸ ಬಲ್ಲವರೂ ಇಲ್ಲಿ ಎಡವುತ್ತಾರೆ. ರೇಡಿಯೇಟರಿನ ಕೆಳಗಿನ ಪ್ಲಗ್ ಬಿಚ್ಚಿದರೆ ಎಲ್ಲವೂ ಹೊರಬರುವುದಿಲ್ಲ. ಎಂಜಿನ್ ಬ್ಲಾಕಿನಲ್ಲಿ, ಕಾರಿನೊಳಗೆ ಬಿಸಿಗಾಳಿ ಕೊಡುವ ಹೀಟರ್ ಕೋರಿನಲ್ಲಿ ಒಂದಿಷ್ಟು ಉಳಿಯುತ್ತದೆ. ಒಟ್ಟು 6 ಲೀಟರ್ ಹಿಡಿಯುವ ಕಾರಿನಲ್ಲಿ ಕೊನೆಯ ಸಲ ನೀರು ಇಳಿಸಿದಾಗ 3.5 ಲೀಟರ್ ಬಂತು ಎನ್ನಿ. ಒಳಗೆ 2.5 ಲೀಟರ್ ಬರೀ ನೀರು ಉಳಿದಿದೆ. ಅದರ ಮೇಲೆ 3.5 ಲೀಟರ್ ಪ್ರೀಮಿಕ್ಸ್ (ಮೊದಲೇ ನೀರು ಬೆರೆಸಿದ ಕೂಲಂಟ್) ಸುರಿದರೆ, ಅದರಲ್ಲಿ ಅರ್ಧವೇ ಗ್ಲೈಕಾಲ್ ಇರುವುದರಿಂದ, ಒಟ್ಟಿನಲ್ಲಿ ಗ್ಲೈಕಾಲ್ ಪಾಲು ಶೇ 29ಕ್ಕೆ ಇಳಿಯುತ್ತದೆ. ಡಬ್ಬಿಯ ಮೇಲೆ 50:50 ಎಂದಿದ್ದರೂ ಎಂಜಿನ್ನಿಗೆ ಸಿಕ್ಕಿದ್ದು ಅದಲ್ಲ. ಇಂಥ ಕಡೆ ನೀರು ಬೆರೆಸದ ಕಾನ್ಸಂಟ್ರೇಟ್ ತನ್ನಿ: 6 ಲೀಟರಿನ ಅರ್ಧ 3 ಲೀಟರ್ ಕಾನ್ಸಂಟ್ರೇಟ್ ಮೊದಲು, ಮಿಕ್ಕ ಅರ್ಧ ಲೀಟರ್ ನೀರು ಆಮೇಲೆ. ತೊಳೆಯದೆ, ಅದೇ ಬಗೆಯದನ್ನು ಇಳಿಸಿ ತುಂಬುವುದಾದರೆ ಪ್ರೀಮಿಕ್ಸ್ ಸಾಕು.

ಕಾನ್ಸಂಟ್ರೇಟ್ ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಶಾಖ ಹೊತ್ತೊಯ್ಯುವುದರಲ್ಲಿ ನೀರಿಗೆ ಸಾಟಿಯಿಲ್ಲ. ಒಂದು ಕಿಲೋ ನೀರಿನ ಬಿಸಿ ಒಂದು ಡಿಗ್ರಿ ಏರಲು ಸುಮಾರು 4.2 ಕಿಲೋಜೂಲ್ ಬೇಕು, ಶುದ್ಧ ಎಥಿಲೀನ್ ಗ್ಲೈಕಾಲಿಗೆ ಸುಮಾರು 2.4 ಸಾಕು. ಗ್ಲೈಕಾಲ್ ಹೆಚ್ಚಿದಷ್ಟೂ ಎಂಜಿನ್ ಬಿಸಿಯಾಗುತ್ತದೆ. ಶುದ್ಧ ಗ್ಲೈಕಾಲ್ ಮೈನಸ್ 13 ಡಿಗ್ರಿಗೇ ಹೆಪ್ಪುಗಟ್ಟುತ್ತದೆ ಕೂಡ, ಅಂದರೆ ಮಿಶ್ರಣಕ್ಕಿಂತ ಬೇಗ. ಇನ್ನೊಂದು ತುದಿಯಲ್ಲಿ, ಹಿಮ ಬೀಳದ ಕಡೆ ಬರೀ ನೀರು ಸಾಕು ಎಂಬ ವಾದ. ಹೆಪ್ಪುಗಟ್ಟುವ ಭಯ ಅಲ್ಲಿಲ್ಲ, ನಿಜ. ಆದರೆ ತುಕ್ಕು ನಿರೋಧಕ ಬರುವುದು ಕಾನ್ಸಂಟ್ರೇಟಿನ ಜೊತೆಯಲ್ಲೇ. ಅದನ್ನು ಕಡಿಮೆ ಮಾಡಿದರೆ ಕಡಿಮೆಯಾಗುವುದು ಅಲ್ಯೂಮಿನಿಯಮ್ಮಿನ ರಕ್ಷಣೆ. ಮ್ಯಾನ್ಯುವಲ್ ಬೇರೆ ಪ್ರಮಾಣ ಹೇಳದಿದ್ದರೆ ಸಮಪಾಲೇ ಇರಲಿ.

ನೀರು ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ಆಗಿರಬೇಕು. ನಲ್ಲಿ, ಬೋರ್‌ವೆಲ್, ಬಾಟಲಿಯ ಮಿನರಲ್ ವಾಟರ್ ಯಾವುದೂ ಬೇಡ: ಕ್ಯಾಲ್ಸಿಯಂ ಗಾರೆಯಾಗುತ್ತದೆ, ಕ್ಲೋರೈಡ್ ಅಲ್ಯೂಮಿನಿಯಮ್ಮಿನಲ್ಲಿ ಸೂಜಿಯಷ್ಟು ತೂತು ಕೊರೆಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸರಿಹೋಗುತ್ತದೆ. ಕೊಳ್ಳುವಾಗ ಅದು ನೀರೇ, ಬ್ಯಾಟರಿ ಆಸಿಡ್ ಅಲ್ಲ ಎಂದು ಲೇಬಲ್ ಓದಿ ಖಚಿತಪಡಿಸಿಕೊಳ್ಳಿ.

ತುಂಬುವ ಕೆಲಸ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಒತ್ತಡದಲ್ಲಿದ್ದ ದ್ರವ ಚಿಮ್ಮಿ ಮುಖ, ಕೈ ಸುಡುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ನಿಧಾನವಾಗಿ ಸುರಿಯಿರಿ, ಬ್ಲೀಡ್ ಸ್ಕ್ರೂ ಇದ್ದರೆ ತೆರೆದು ಗಾಳಿ ಬಿಡಿ. ಎಂಜಿನ್ ಚಾಲೂ ಮಾಡಿ ಫ್ಯಾನ್ ತಿರುಗುವವರೆಗೆ ಓಡಿಸಿ, ಮತ್ತೆ ಪೂರ್ತಿ ಆರಿದ ಮೇಲೆ ಮಟ್ಟ ನೋಡಿ. ಮೊದಲ ಕೆಲವು ದಿನ ಮಟ್ಟ ಸ್ವಲ್ಪ ಇಳಿಯಬಹುದು, ಸಿಕ್ಕಿಕೊಂಡಿದ್ದ ಗಾಳಿ ಹೊರಬಂದದ್ದರಿಂದ. ಕೆಲವು ಹೊಸ ಕಾರುಗಳಿಗೆ ವ್ಯಾಕ್ಯೂಮ್ ಯಂತ್ರದಿಂದಲೇ ತುಂಬಬೇಕು. ಅವನ್ನು ಮನೆಯಲ್ಲಿ ಮುಟ್ಟಬೇಡಿ.

ಮುಂದಿನ ಬದಲಾವಣೆ ಯಾವಾಗ ಎಂಬುದೂ ಮ್ಯಾನ್ಯುವಲ್‌ನಲ್ಲಿದೆ. ಟೊಯೋಟಾದ ಗುಲಾಬಿ ಕೂಲಂಟ್‌ಗೆ ಸಾಮಾನ್ಯವಾಗಿ ಮೊದಲ ಸಲ 1,60,000 ಕಿಲೋಮೀಟರ್, ಆಮೇಲೆ ಪ್ರತಿ 80,000ಕ್ಕೆ. ಮೊದಲ ಅವಧಿಯನ್ನೇ ಮುಂದಕ್ಕೂ ಎಣಿಸುವವರು ಈ ವ್ಯತ್ಯಾಸ ಗಮನಿಸಿ. ರಿಫ್ರಾಕ್ಟೋಮೀಟರ್ ಇಟ್ಟು 'ಮೈನಸ್ 37 ತೋರಿಸ್ತಿದೆ, ಇನ್ನೂ ಚೆನ್ನಾಗಿದೆ' ಎಂದು ಯಾರಾದರೂ ಹೇಳಿದರೆ ಅದು ಅರ್ಧ ಉತ್ತರ. ಆ ಉಪಕರಣ ಅಳೆಯುವುದು ಗ್ಲೈಕಾಲನ್ನು, ಅದು ಅಷ್ಟು ಬೇಗ ಮುಗಿಯುವುದಿಲ್ಲ. ಮುಗಿಯುವುದು ನಿರೋಧಕ.

ಎಲೆಕ್ಟ್ರಿಕ್ ಕಾರಿನವರಿಗೆ ಒಂದೇ ಮಾತು. ಕೆಲವು ಮಾದರಿಗಳಲ್ಲಿ ಬ್ಯಾಟರಿ ತಂಪಾಗಿಸುವ ದ್ರವಕ್ಕೆ ವಿದ್ಯುತ್ ವಾಹಕತೆ ತೀರಾ ಕಡಿಮೆ ಇರಬೇಕು. ಅಲ್ಲಿ ಮಾಮೂಲು ಕೂಲಂಟ್ ಆಗಲಿ, ನಲ್ಲಿ ನೀರಾಗಲಿ ತುರ್ತಿಗೂ ಸುರಿಯಬಾರದು.

ಇಳಿಸಿದ ಹಳೆಯ ಕೂಲಂಟನ್ನು ಚರಂಡಿಗೆ, ಮಣ್ಣಿಗೆ ಚೆಲ್ಲಬೇಡಿ, ತೆರೆದ ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ, ಬೆಕ್ಕು ನೆಕ್ಕುತ್ತವೆ, ಮಕ್ಕಳು ಶರಬತ್ತೆಂದು ಕುಡಿಯುವ ಅಪಾಯವಿದೆ. ದೇಹದೊಳಗೆ ಅದು ಆಕ್ಸಲೇಟ್ ಆಗಿ ಮೂತ್ರಪಿಂಡವನ್ನು ಕೆಡಿಸುತ್ತದೆ, ಸ್ವಲ್ಪವೇ ಸಾಕು ಸಾವು ತರಲು. ಮುಚ್ಚಳ ಗಟ್ಟಿಯಾಗಿರುವ ಕ್ಯಾನಿಗೆ ತುಂಬಿ, ಮೇಲೆ ವಿಷ ಎಂದು ಬರೆದು, ಹಳೆಯ ಆಯಿಲ್ ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಿ. ಯಾರಾದರೂ ಕುಡಿದಿದ್ದಾರೆ ಎಂಬ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಿ. ಇದಕ್ಕೆ ಪ್ರತಿವಿಷ ಇದೆ, ಅದು ಬೇಗ ಕೊಟ್ಟರೆ ಕೆಲಸ ಮಾಡುತ್ತದೆ.