ಟರ್ಬೊ ಕಾರಿಗೆ ಮನೆಯಲ್ಲೇ ಆಯಿಲ್ ಕ್ಯಾಚ್ ಕ್ಯಾನ್: ಡಬ್ಬಿಗಿಂತ ಪೈಪು ಮುಖ್ಯ

ಟರ್ಬೊ ಪೆಟ್ರೋಲ್ ಕಾರು ಇಟ್ಟುಕೊಂಡವರು ಗ್ಯಾರೇಜಿಗೆ ಬಂದಾಗ ಈ ಮಾತು ತೆಗೆಯುವುದು ಈಗ ಜಾಸ್ತಿಯಾಗಿದೆ. ‘ಸಾರ್, ಆಯಿಲ್ ಕ್ಯಾಚ್ ಕ್ಯಾನ್ ನಾವೇ ಮಾಡಿ ಹಾಕ್ಕೋಬಹುದಾ?’ ಹಾಕಿಕೊಳ್ಳಬಹುದು. ಎಂಜಿನ್ ಬಿಡುವ ಗ್ಯಾಸಿನ ಜತೆ ಬರುವ ಆಯಿಲನ್ನು ಹಿಡಿದಿಡುವ ಡಬ್ಬಿ ಅದು. ಒಂದು ಅಲ್ಯೂಮಿನಿಯಂ ಡಬ್ಬಿ, ಎರಡು ನಿಪ್ಪಲ್ (ಹೋಸ್ ಸಿಕ್ಕಿಸುವ ಮೂತಿ), ಒಳಗೆ ಸ್ವಲ್ಪ ಜಾಲರಿ, ತಳದಲ್ಲಿ ಒಂದು ಡ್ರೈನ್ ಬೋಲ್ಟು. ಒಳ್ಳೆ ಲೇತ್ ಅಂಗಡಿಯವರಿಗೆ ಇದು ದೊಡ್ಡ ಕೆಲಸವೇ ಅಲ್ಲ. ಆದರೆ ಎಲ್ಲರ ಗಮನವೂ ಡಬ್ಬಿಯ ಮೇಲೇ ಹೋಗಿಬಿಡುತ್ತದೆ. ನಾವು ಎಂಜಿನ್ ಉಸಿರು ಬಿಡುವ ದಾರಿಗೆ ಕೈ ಹಾಕುತ್ತಿದ್ದೇವೆ ಅನ್ನುವುದು ಮರೆತುಹೋಗುತ್ತದೆ. ಆ ದಾರಿ ಇಕ್ಕಟ್ಟಾದರೆ ಆಗುವ ನಷ್ಟ, ಕ್ಯಾನ್ ಇಲ್ಲದೇ ಆಗುವ ನಷ್ಟಕ್ಕಿಂತ ಎಷ್ಟೋ ದೊಡ್ಡದು.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿದ್ದರೂ ಉರಿದ ಗ್ಯಾಸ್ ಸ್ವಲ್ಪ ಕೆಳಗೆ ನುಸುಳುತ್ತದೆ. ಇದೇ ಬ್ಲೋ-ಬೈ. ಅದು ಆಯಿಲ್ ಚೇಂಬರ್‌ಗೆ ಇಳಿದು ಅಲ್ಲಿ ಚಿಮ್ಮುತ್ತಿರುವ ಆಯಿಲ್‌ನ ಸಣ್ಣ ಸಣ್ಣ ಹನಿಗಳನ್ನು, ಜತೆಗೆ ನೀರಿನ ಆವಿಯನ್ನು, ಉರಿಯದೇ ಉಳಿದ ಪೆಟ್ರೋಲನ್ನು ಹೊತ್ತುಕೊಂಡು ಹೊರಗೆ ಬರಲು ದಾರಿ ಹುಡುಕುತ್ತದೆ. ಹಿಂದೆ ಇದನ್ನು ಒಂದು ಪೈಪಿನಲ್ಲಿ ನೇರವಾಗಿ ರಸ್ತೆಗೆ ಬಿಡುತ್ತಿದ್ದರು. ಹೊಗೆಯ ಕಾಟ ಜಾಸ್ತಿಯಾಗಿದ್ದ ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದ ಆರಂಭದಲ್ಲಿ ಇದನ್ನು ವಾಪಸ್ ಎಂಜಿನ್‌ಗೇ ಕಳಿಸಿ ಸುಡಬೇಕು ಅಂತಾಯಿತು. ಆ ಕೆಲಸ ಮಾಡುವುದೇ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್) ವಾಲ್ವ್.

ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಇದು ಸುಲಭ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನಲ್ಲಿ ಸಾಮಾನ್ಯವಾಗಿ ಎಳೆತ ಇರುತ್ತದೆ, ಅದೇ ಗ್ಯಾಸನ್ನು ಎಳೆದುಕೊಳ್ಳುತ್ತದೆ. ಟರ್ಬೊದಲ್ಲಿ ಹಾಗಲ್ಲ. ನೀವು ಮೆಲ್ಲಗೆ ಹೋಗುತ್ತಿರುವಾಗ ಎಳೆತ ಇರುತ್ತದೆ, ಆಕ್ಸಿಲರೇಟರ್ ಒತ್ತಿ ಬೂಸ್ಟ್ (ಟರ್ಬೊ ಗಾಳಿಯನ್ನು ಒತ್ತಿ ತುಂಬುವುದು) ಬಂತು ಅಂದರೆ ಅದೇ ಮ್ಯಾನಿಫೋಲ್ಡ್‌ನಲ್ಲಿ ಒತ್ತಡ ತುಂಬಿಕೊಳ್ಳುತ್ತದೆ. ಆಗ ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಮುಚ್ಚಿಕೊಂಡು, ಗ್ಯಾಸೆಲ್ಲಾ ಇನ್ನೊಂದು ಪೈಪಿನಲ್ಲಿ ಟರ್ಬೊದ ಬಾಯಿಗೆ, ಅಂದರೆ ಏರ್ ಫಿಲ್ಟರ್ ಮತ್ತು ಕಂಪ್ರೆಸರ್ ನಡುವಿನ ಪೈಪಿಗೆ ಹೋಗುತ್ತದೆ. ಬೂಸ್ಟ್ ಇರುವಾಗ ಬ್ಲೋ-ಬೈ ಕೂಡ ಜಾಸ್ತಿ. ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪು ಬಿಚ್ಚಿದಾಗ ಒಳಗೆ ಕಾಣುವ ಆಯಿಲ್ ಅಂಟು ಬರುವುದು ಹೆಚ್ಚಾಗಿ ಈ ದಾರಿಯಿಂದ. ತೆಳ್ಳಗೆ ಒಂದು ಪದರ ಇದ್ದರೆ ಗಾಬರಿ ಬೇಡ, ಟರ್ಬೊ ಎಂಜಿನ್‌ನಲ್ಲಿ ಅದು ಮಾಮೂಲು.

ಇದರಿಂದ ತೊಂದರೆ ಏನು? ಆಯಿಲ್ ಆವಿ ಸಿಲಿಂಡರ್‌ಗೆ ಹೋದರೆ ಪೆಟ್ರೋಲಿನ ನಾಕ್ (ತಾನಾಗೇ ಹೊತ್ತಿಕೊಂಡು ಬಡಿಯುವುದು) ತಡೆಯುವ ಶಕ್ತಿ ಕಮ್ಮಿಯಾಗುತ್ತದೆ. ಇಸಿಯು, ಅಂದರೆ ಎಂಜಿನ್‌ನ ಕಂಪ್ಯೂಟರ್, ಅದನ್ನು ಗಮನಿಸಿ ಇಗ್ನಿಷನ್ ಟೈಮಿಂಗ್ ಹಿಂದೆ ಸರಿಸುತ್ತದೆ, ಪವರ್ ಸ್ವಲ್ಪ ಇಳಿಯುತ್ತದೆ. ಅದಕ್ಕಿಂತ ದೊಡ್ಡದು ವಾಲ್ವ್ ಮೇಲೆ ಕಾರ್ಬನ್ ಹಿಡಿಯುವುದು. ಸಿಲಿಂಡರ್‌ನ ಹೊರಗೇ ಪೆಟ್ರೋಲ್ ಸಿಂಪಡಿಸುವ ಹಳೇ ಎಂಪಿಎಫ್‌ಐ ಎಂಜಿನ್‌ಗಳಲ್ಲಿ ಪೆಟ್ರೋಲ್ ವಾಲ್ವ್‌ನ ಬೆನ್ನ ಮೇಲೆ ಬೀಳುತ್ತದೆ, ತೊಳೆದುಕೊಂಡು ಹೋಗುತ್ತದೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರ್‌ಗೇ ಹೋಗುವುದರಿಂದ ಇನ್‌ಟೇಕ್ ವಾಲ್ವ್ ತೊಳೆಯುವವರು ಯಾರೂ ಇಲ್ಲ. ಬಿಸಿ ವಾಲ್ವ್ ಮೇಲೆ ಕೂತ ಆಯಿಲ್ ಸುಟ್ಟು ಗಟ್ಟಿಯಾಗುತ್ತಾ ಹೋಗುತ್ತದೆ. ಅದನ್ನು ತೆಗೆಯಬೇಕೆಂದರೆ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆಯಬೇಕಾಗುತ್ತದೆ.

ಹಾಗಾಗಿ ಮೊದಲು ನಿಮ್ಮ ಕಾರು ಯಾವ ಜಾತಿಯದು ಅಂತ ತಿಳಿದುಕೊಳ್ಳಿ. ಫೋಕ್ಸ್‌ವ್ಯಾಗನ್, ಸ್ಕೋಡಾದ ಟಿಎಸ್‌ಐ, ಹ್ಯುಂಡೈ-ಕಿಯಾದ ಟಿ-ಜಿಡಿಐ, ಸುಜುಕಿಯ ಬೂಸ್ಟರ್‌ಜೆಟ್ ಇವೆಲ್ಲ ಡೈರೆಕ್ಟ್ ಇಂಜೆಕ್ಷನ್. 2017ರಲ್ಲಿ ಬಂದ ನೆಕ್ಸಾನ್‌ನ 1.2 ಟರ್ಬೊ ಪೆಟ್ರೋಲ್ ಎಂಪಿಎಫ್‌ಐ. ಎಂಪಿಎಫ್‌ಐ ಟರ್ಬೊ ಇದ್ದು, ಕಾರು ಮಾಮೂಲಿ ಓಡಾಟಕ್ಕಷ್ಟೇ ಅಂದರೆ ಕ್ಯಾನ್ ಹಾಕುವ ತಲೆನೋವು ಬೇಡ ಅಂತಲೇ ನಾನು ಹೇಳುವುದು. ಡೈರೆಕ್ಟ್ ಇಂಜೆಕ್ಷನ್ ಇದ್ದು, ರೀಮ್ಯಾಪ್ ಮಾಡಿಸಿ (ಇಸಿಯು ಪ್ರೋಗ್ರಾಂ ಬದಲಿಸಿ) ಬೂಸ್ಟ್ ಏರಿಸಿದ್ದರೆ ಕ್ಯಾನ್‌ಗೆ ಅರ್ಥ ಇದೆ.

ಒಂದು ಕಾರಿನ ವಿಷಯ ಹೇಳುತ್ತೇನೆ. ನೀಲಿ ಹೊಗೆ ಬರುತ್ತಿದೆ, ಟರ್ಬೊ ಹೋಗಿದೆ, ಬದಲಾಯಿಸಬೇಕು ಅಂತ ಬೇರೊಂದು ಕಡೆ ಹೇಳಿಸಿಕೊಂಡು ಬಂದಿತ್ತು. ಬಾನೆಟ್ ಎತ್ತಿದರೆ ನೀಟಾಗಿ ಮಾಡಿದ ಕ್ಯಾಚ್ ಕ್ಯಾನ್, ಕೈಯಲ್ಲೇ ಮಾಡಿದ್ದು, ಪಾಲಿಶ್ ಬೇರೆ. ಎಂಜಿನ್ ಉಸಿರು ಬಿಡುವ ಕಂಪನಿ ಪೈಪಿನ, ಅಂದರೆ ಬ್ರೀದರ್ ಪೈಪಿನ, ಒಳಗಾತ್ರ 19 ಮಿ.ಮೀ. ಇತ್ತು, ಕ್ಯಾನ್‌ಗೆ ಹಾಕಿದ್ದ ನಿಪ್ಪಲ್ ಏರ್ ಕಂಪ್ರೆಸರ್‌ನದ್ದು, ತೂತು 8 ಮಿ.ಮೀ. ಬೂಸ್ಟ್ ಬಂದಾಗ ಗ್ಯಾಸ್ ಹೊರಗೆ ಹೋಗಲಾಗದೆ ಚೇಂಬರ್‌ನಲ್ಲೇ ಒತ್ತಡ ಕಟ್ಟಿಕೊಳ್ಳುತ್ತಿತ್ತು. ಟರ್ಬೊದ ಬೇರಿಂಗ್‌ಗೆ ಆಯಿಲ್ ಹೋಗುವುದು ಪಂಪಿನ ಒತ್ತಡದಲ್ಲಿ, ಆದರೆ ವಾಪಸ್ ಚೇಂಬರ್‌ಗೆ ಬರುವುದು ಬರೀ ತನ್ನ ಭಾರದಿಂದ ಇಳಿದು. ಕೆಳಗೆ ಒತ್ತಡ ಇದ್ದರೆ ಇಳಿಯುವುದು ಹೇಗೆ? ಟರ್ಬೊದಲ್ಲೇ ನಿಂತು ಸೀಲ್ ದಾಟಿ ಸೈಲೆನ್ಸರ್ ಕಡೆ ಸೋರುತ್ತದೆ, ನೀಲಿ ಹೊಗೆ ಬರುತ್ತದೆ. ಕ್ಯಾನ್ ತೆಗೆದು ಹಳೇ ಪೈಪು ಹಾಕಿದೆವು. ಸೈಲೆನ್ಸರ್‌ನಲ್ಲಿ ಉಳಿದಿದ್ದ ಆಯಿಲ್ ಸುಟ್ಟು ಮುಗಿದ ಮೇಲೆ ಹೊಗೆ ನಿಂತಿತು. ಟರ್ಬೊಗೆ ಏನೂ ಆಗಿರಲಿಲ್ಲ. ಪುಣ್ಯಕ್ಕೆ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ತಡೆದುಕೊಂಡಿತ್ತು. ಅದು ಹೋಗಿದ್ದರೆ ಗೇರ್‌ಬಾಕ್ಸ್ ಇಳಿಸಬೇಕಿತ್ತು.

ಅದಕ್ಕೇ ನನ್ನ ಮೊದಲ ನಿಯಮ: ಡಬ್ಬಿಯ ಬಾಯಿ, ನಿಪ್ಪಲ್, ಹೋಸ್, ಬಾಗುವ ಜಾಗ, ಎಲ್ಲೂ ಒಳಗಾತ್ರ ಕಂಪನಿ ಪೈಪಿಗಿಂತ ಒಂದು ಮಿ.ಮೀ. ಕೂಡ ಕಮ್ಮಿ ಇರಬಾರದು. ವರ್ನಿಯರ್ ಹಿಡಿದು ಅಳೆಯಿರಿ. ಬರೀ ಕಣ್ಣಳತೆ ನಂಬಬೇಡಿ.

ಈಗ ಡಬ್ಬಿ. 80 ಮಿ.ಮೀ. ಒಳಗಾತ್ರ, 180 ಮಿ.ಮೀ. ಎತ್ತರದ ಅಲ್ಯೂಮಿನಿಯಂ ಪೈಪಿನ ತುಂಡು ತಗೊಳ್ಳಿ, ಗೋಡೆ 3 ಮಿ.ಮೀ. ದಪ್ಪ ಇರಲಿ. ಸುಮಾರು 900 ಮಿ.ಲೀ. ಹಿಡಿಯುತ್ತದೆ. ಅಷ್ಟು ಅಗಲ ಯಾಕೆ ಅಂದರೆ, 19 ಮಿ.ಮೀ. ಪೈಪಿನಲ್ಲಿ ಬರುವ ಗಾಳಿ 80 ಮಿ.ಮೀ. ಡಬ್ಬಿಗೆ ಬಿದ್ದ ತಕ್ಷಣ ಅದರ ವೇಗ ಸುಮಾರು 18 ಪಟ್ಟು ಕಮ್ಮಿಯಾಗುತ್ತದೆ. ಆಗ ದೊಡ್ಡ ಹನಿಗಳು ತಾವಾಗೇ ಕೆಳಗೆ ಬೀಳುತ್ತವೆ. ತಳ ಟಿಗ್ ವೆಲ್ಡಿಂಗ್, ಮುಚ್ಚಳಕ್ಕೆ ಓ ರಿಂಗ್ ಮತ್ತು ಬೋಲ್ಟು, ಯಾಕಂದರೆ ಬಿಚ್ಚಿ ತೊಳೆಯಲು ಬರಬೇಕು. ಬೆಂಗಳೂರಿನವರಿಗೆ ಪೀಣ್ಯದ ಕಡೆ ಯಾವ ವರ್ಕ್‌ಶಾಪ್‌ಗೆ ಹೋದರೂ ಇದು ಆಗುತ್ತದೆ, ಹೋಸು, ಕ್ಲಿಪ್ಪು ಎಲ್ಲ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ. ಏರ್ ಕಂಪ್ರೆಸರ್‌ನ ನೀರು ಹಿಡಿಯುವ ಪ್ಲಾಸ್ಟಿಕ್ ಬಟ್ಟಲಿನ ಫಿಲ್ಟರನ್ನೇ ಕ್ಯಾಚ್ ಕ್ಯಾನ್ ಅಂತ ಹಾಕಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಬಾನೆಟ್ ಒಳಗಿನ ಬಿಸಿಗೆ, ಪೆಟ್ರೋಲ್ ಆವಿಗೆ ಆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಅದರ ತೂತೂ ಸಣ್ಣದು.

ಖಾಲಿ ಡಬ್ಬಿ ಇಟ್ಟರೆ ಸಣ್ಣ ಹನಿಗಳು ಬಂದ ಹಾಗೇ ಹೊರಟುಹೋಗುತ್ತವೆ. ಅವುಗಳಲ್ಲಿ ಬಹಳಷ್ಟು ಒಂದು ಮೈಕ್ರಾನ್ ಆಸುಪಾಸಿನವು, ಗಾಳಿಯ ಜತೆಗೇ ತಿರುಗುತ್ತವೆ. ಅವನ್ನು ಹಿಡಿಯಲು ಯಾವುದಾದರೂ ತಂಪಾದ ಮೇಲ್ಮೈಗೆ ತಾಗಿಸಬೇಕು. ಅನ್ನದ ಪಾತ್ರೆ ಮುಚ್ಚಳದ ಅಡಿಯಲ್ಲಿ ಹಬೆ ಹನಿಗಟ್ಟುವ ಹಾಗೆ, ಇಲ್ಲಿ ಆ ಮುಚ್ಚಳದ ಕೆಲಸ ಮಾಡುವುದು ಜಾಲರಿ. ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬರ್ ನಡೆಯುತ್ತದೆ, ಆದರೆ ಸ್ಟೇನ್‌ಲೆಸ್ ಇರಬೇಕು, ಚಪ್ಪಟೆ ಎಳೆಯ ದಪ್ಪ ಜಾತಿಯದೇ ಇರಬೇಕು. ಕೂದಲಿನಷ್ಟು ತೆಳ್ಳಗಿನ ಸ್ಟೀಲ್ ವುಲ್ ಮುಟ್ಟಬೇಡಿ. ಅದು ಪುಡಿಯಾಗುತ್ತದೆ, ಪುಡಿ ಟರ್ಬೊದ ಕಂಪ್ರೆಸರ್ ಚಕ್ರಕ್ಕೆ ಹೋಗುತ್ತದೆ. ಆ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಜಾಲರಿಯ ಮೇಲೊಂದು ಕೆಳಗೊಂದು ತೂತಿನ ತಗಡು ಇಟ್ಟು, ತಗಡನ್ನು ಬೋಲ್ಟಿನಿಂದ ಬಿಗಿ ಮಾಡಿ. ತುಂಬಾ ಒತ್ತಿ ತುರುಕಿದರೆ ಗಾಳಿಗೆ ಅಡ್ಡಿ, ಸಡಿಲವಾಗಿ ಹರಡಿ.

ಒಳಗೆ ಬರುವ ಪೈಪು ಮುಚ್ಚಳದಿಂದ ಇಳಿದು ಜಾಲರಿಯ ಕೆಳಗೆ, ಡಬ್ಬಿಯ ಅರ್ಧದಲ್ಲಿ ಮುಗಿಯಲಿ. ಹೊರಗೆ ಹೋಗುವ ಬಾಯಿ ಜಾಲರಿಯ ಮೇಲೆ, ಮುಚ್ಚಳದಲ್ಲೇ ಇರಲಿ. ಹೀಗಿದ್ದರೆ ಗಾಳಿ ಜಾಲರಿ ದಾಟದೇ ಹೊರಗೆ ಹೋಗಲಾಗದು. ತಳದ ಮೂರನೇ ಒಂದು ಭಾಗ ಸಂಗ್ರಹಕ್ಕೆ. ಅದರ ಮೇಲೆ ಇನ್ನೊಂದು ತೂತಿನ ತಗಡು ಹಾಕಿದರೆ ಚಾರ್ಮಾಡಿಯಂಥ ಘಾಟಿಯ ತಿರುವುಗಳಲ್ಲಿ ಒಳಗಿನ ಆಯಿಲ್ ಎದ್ದು ಹಾರುವುದಿಲ್ಲ. ಡ್ರೈನ್‌ಗೆ ಬಾಲ್ ವಾಲ್ವ್‌ಗಿಂತ ತಾಮ್ರದ ವಾಷರ್ ಹಾಕಿದ ಬೋಲ್ಟು ಮೇಲು. ವಾಲ್ವ್‌ನ ಹಿಡಿ ಅಲುಗಾಟಕ್ಕೆ ತಾನೇ ತೆರೆದುಕೊಂಡರೆ ಆಯಿಲ್ ಎಲ್ಲಿ ಬೀಳುತ್ತದೋ ಹೇಳಲಾಗದು. ಎಲ್ಲ ಆದ ಮೇಲೆ ಲೇತ್‌ನ ಚೂರು, ವೆಲ್ಡಿಂಗ್‌ನ ಮಣಿ ಒಂದೂ ಉಳಿಯದಂತೆ ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನ ನೀರಿನಲ್ಲಿ ತೊಳೆದು ಗಾಳಿ ಹೊಡೆಯಿರಿ. ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಟ್ಟು ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಮತ್ತೆ ವೆಲ್ಡಿಂಗ್.

ಹೋಸ್ ವಿಷಯದಲ್ಲಿ ಕೈ ಹಿಡಿತ ಬೇಡ. ಆಯಿಲ್ ತಡೆಯುವ ನೈಟ್ರೈಲ್ ರಬ್ಬರಿನ ಹೋಸ್ ಕೇಳಿ ತನ್ನಿ. ರೇಡಿಯೇಟರ್ ಹೋಸ್ ನೀರಿಗೆ ಮಾಡಿದ್ದು, ಆಯಿಲ್ ತಾಗಿದರೆ ಊದಿಕೊಂಡು ಮೆತ್ತಗಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಪೈಪು ಬಿಸಿಗೆ ಚಪ್ಪಟೆಯಾಗಿ ದಾರಿಯೇ ಮುಚ್ಚಿಹೋಗುತ್ತದೆ. ಹೋಸ್ ಎಲ್ಲೂ ಜೋತುಬೀಳಬಾರದು, ತಗ್ಗು ಬಿದ್ದ ಜಾಗದಲ್ಲಿ ನೀರು-ಆಯಿಲ್ ನಿಂತು ಕಟ್ಟಿಕೊಳ್ಳುತ್ತದೆ. ಡಬ್ಬಿಯನ್ನು ಟರ್ಬೊ, ಎಕ್ಸಾಸ್ಟ್ ಹತ್ತಿರ ಇಡಲೇಬೇಡಿ, ಬೆಂಕಿಯ ಭಯ. ಹೆಡ್‌ಲೈಟ್ ಹಿಂದೆ, ಗಾಳಿ ಆಡುವ ಕಡೆ ಬಾಡಿಗೆ ಬಿಗಿ ಮಾಡಿ.

ಯಾವ ಪೈಪಿಗೆ ಹಾಕಬೇಕು? ಬೂಸ್ಟ್‌ನಲ್ಲಿ ಜಾಸ್ತಿ ಆಯಿಲ್ ಹೋಗುವುದು ಟರ್ಬೊದ ಬಾಯಿಯ ಕಡೆ, ಹಾಗಾಗಿ ಮೊದಲ ಕ್ಯಾನ್ ಅಲ್ಲಿಗೆ. ಮ್ಯಾನಿಫೋಲ್ಡ್ ಕಡೆಯ ಪೈಪಿಗೂ ಹಾಕಬಹುದು, ಆದರೆ ಅಲ್ಲಿ ಎಳೆತ ಜೋರು, ಸ್ವಲ್ಪ ಗಾಳಿ ಸೋರಿದರೂ ಐಡಲ್ ಕುಣಿಯುತ್ತದೆ, ಚೆಕ್ ಎಂಜಿನ್ ಲೈಟ್ ಬರುತ್ತದೆ. ಚೆಕ್ ವಾಲ್ವ್‌ಗಳನ್ನು ಮಾತ್ರ ಇದ್ದ ಜಾಗದಿಂದ ಕದಲಿಸಬೇಡಿ. ಕೆಲವು ಹೊಸ ಎಂಜಿನ್‌ಗಳಲ್ಲಿ ಆಯಿಲ್ ಬೇರ್ಪಡಿಸುವ ಸೆಪರೇಟರ್, ವಾಲ್ವ್ ಎಲ್ಲ ಸೇರಿ ಒಂದೇ ಡಬ್ಬಿಯಾಗಿ ಎಂಜಿನ್‌ಗೇ ಕೂತಿರುತ್ತದೆ, ಹೊರಗೆ ಪೈಪೇ ಸಿಗುವುದಿಲ್ಲ. ಅಂಥದ್ದನ್ನು ಕೊರೆದು ಹೊಸ ದಾರಿ ಮಾಡಲು ಹೋಗಬೇಡಿ.

ಕ್ಯಾನ್‌ನ ಮೇಲೆ ಸಣ್ಣ ಫಿಲ್ಟರ್ ಹಾಕಿ ಗ್ಯಾಸನ್ನು ಹೊರಗೇ ಬಿಡುವ ಪದ್ಧತಿಯೂ ಇದೆ. ಟ್ರ್ಯಾಕ್ ಕಾರಿಗೆ ಸರಿ. ರಸ್ತೆಯ ಕಾರಿಗೆ ತಪ್ಪು, ಯಾಕಂದರೆ ಬಿಎಸ್ (ಭಾರತ್ ಸ್ಟೇಜ್) ಹೊಗೆ ನಿಯಮದಲ್ಲಿ ಕ್ರ್ಯಾಂಕ್‌ಕೇಸ್, ಅಂದರೆ ಆಯಿಲ್ ಚೇಂಬರ್‌ನ, ಗ್ಯಾಸ್ ಹೊರಗೆ ಬಿಡಲು ಅನುಮತಿ ಇಲ್ಲ. ಎಸಿ ಹಾಕಿದಾಗ ವಾಸನೆ ಕಾರಿನೊಳಗೆ ಬರುತ್ತದೆ, ಹಿಂದಿನ ಸೀಟಿನಲ್ಲಿ ಮಕ್ಕಳಿರುತ್ತಾರೆ ಅಲ್ವಾ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಕಂಪನಿ ವಿವರಗಳಿಗೆ ವ್ಯತ್ಯಾಸ ಬರುವಂಥ ಮಾರ್ಪಾಡು ಬೇಡ ಅನ್ನುತ್ತದೆ. ವಾರಂಟಿ ಇರುವ ಕಾರಾದರೆ, ವಾಪಸ್ ಎಂಜಿನ್‌ಗೇ ಸೇರುವ ಕ್ಯಾನ್ ಕೂಡ ಈಗ ಬೇಡ, ವಾರಂಟಿ ಮುಗಿಯಲಿ.

ಹಾಕಿದ ಮೇಲೆ ಪರೀಕ್ಷೆ ಮಾಡದೇ ಬಿಡಬೇಡಿ. ಇದಕ್ಕೆ ದುಬಾರಿ ಗೇಜ್ ಬೇಕಿಲ್ಲ. ಒಂದು ಹಲಗೆಯ ಮೇಲೆ ಪಾರದರ್ಶಕ ಪೈಪನ್ನು ಇಂಗ್ಲಿಷಿನ ‘ಯು’ ಆಕಾರದಲ್ಲಿ ಬಡಿದು, ಎರಡೂ ಕಡೆ ಒಂದೊಂದು ಅಡಿ ನೀರು ನಿಲ್ಲುವಂತೆ ತುಂಬಿ, ನೀರಿಗೆ ಸ್ವಲ್ಪ ಕುಂಕುಮ ಕಲಸಿದರೆ ಚೆನ್ನಾಗಿ ಕಾಣುತ್ತದೆ. ಒಂದು ತುದಿ ತೆರೆದಿರಲಿ. ಇನ್ನೊಂದನ್ನು ಡಿಪ್‌ಸ್ಟಿಕ್ ಕೊಳವೆಗೆ ಸೇರಿಸಿ, ಆದರೆ ನಡುವೆ ಒಂದು ಖಾಲಿ ಬಾಟಲಿ ಇರಲೇಬೇಕು. ಪಿಸಿವಿ ಡಯಾಫ್ರಮ್ (ವಾಲ್ವ್‌ನೊಳಗಿನ ರಬ್ಬರ್ ಪೊರೆ) ಹರಿದಿದ್ದರೆ ಎಳೆತ ಜೋರಾಗಿ ನೀರು ಎಂಜಿನ್ ಕಡೆ ಹೋಗುತ್ತದೆ, ಬಾಟಲಿ ಅದನ್ನು ತಡೆಯುತ್ತದೆ. ಕಂಪನಿ ಪೈಪು ಇರುವಾಗ ಐಡಲ್‌ನಲ್ಲಿ, ಆಮೇಲೆ ಖಾಲಿ ರಸ್ತೆಯಲ್ಲಿ ಬೂಸ್ಟ್ ಕೊಟ್ಟು ಎರಡು ಕಡೆಯ ನೀರಿನ ವ್ಯತ್ಯಾಸ ಬರೆದುಕೊಳ್ಳಿ. ಓದಲು ಪಕ್ಕದಲ್ಲಿ ಇನ್ನೊಬ್ಬರು ಕೂರಲಿ. ಕ್ಯಾನ್ ಹಾಕಿ ಮತ್ತೆ ಅದೇ ರಸ್ತೆ, ಅದೇ ಗೇರು. ನೀರಿನ ಮಟ್ಟದಲ್ಲಿ 10 ಸೆಂ.ಮೀ. ಅಂದರೆ ಸುಮಾರು 10 ಮಿಲಿಬಾರ್. ಬೂಸ್ಟ್‌ನಲ್ಲಿ ಮೊದಲಿಗಿಂತ ಅಷ್ಟು ಏರಿದರೂ ನಾನು ಕ್ಯಾನ್ ಬಿಚ್ಚಿ ಎಲ್ಲಿ ಕಟ್ಟಿದೆ ಅಂತ ಹುಡುಕುತ್ತೇನೆ. ಹಲಗೆ ತೋರಿಸುವುದನ್ನು ನಂಬಿ, ಕಾರು ಹಗುರವಾಗಿ ಓಡುತ್ತಿದೆ ಅನ್ನುವ ಅನಿಸಿಕೆಯನ್ನಲ್ಲ.

ಮೊದಲ ಸಾವಿರ ಕಿ.ಮೀ. ಆದಾಗ ಡ್ರೈನ್ ಬಿಚ್ಚಿ ನೋಡಿ. ಬರುವುದು ಬರೀ ಆಯಿಲ್ ಅಲ್ಲ. ಕೊಡಗು, ಚಿಕ್ಕಮಗಳೂರಿನ ಚಳಿ-ಮಳೆಯಲ್ಲಿ ಹತ್ತಿರದ ಓಡಾಟವೇ ಜಾಸ್ತಿ ಇದ್ದರೆ ಕಾಫಿ ಬಣ್ಣದ ನೊರೆನೊರೆ ನೀರು ಬರುತ್ತದೆ. ಅದನ್ನು ಕಂಡು ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಹೆದರುವವರು ಬಹಳ. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ, ಅದೇ ಇಲ್ಲಿ ಹನಿಗಟ್ಟಿದೆ. ಕೂಲಂಟ್ ಮಟ್ಟ ಇಳಿಯುತ್ತಿದ್ದರೆ ಮಾತ್ರ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಚಳಿಗಾಲದಲ್ಲಿ ಲಡಾಖ್‌ಗೆ ಕಾರು ತೆಗೆದುಕೊಂಡು ಹೋಗುವವರು, ಕೆನಡಾದಂಥ ಕಡೆ ಇರುವವರು ಇದನ್ನು ಹಗುರವಾಗಿ ತಗೋಬೇಡಿ. ಆ ನೀರು ರಾತ್ರಿ ಹೆಪ್ಪುಗಟ್ಟಿದರೆ ಬ್ರೀದರ್ ದಾರಿ ಪೂರ್ತಿ ಬಂದ್, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒತ್ತಡಕ್ಕೆ ಡಿಪ್‌ಸ್ಟಿಕ್ ಎದ್ದು ಬರಬಹುದು, ಇಲ್ಲವೇ ಸೀಲ್ ಹೋಗಬಹುದು. ಅಂಥ ಕಡೆ ಹೋಗುವ ಮೊದಲು ಕ್ಯಾನ್ ಬಿಚ್ಚಿ ಕಂಪನಿ ಪೈಪು ಹಾಕಿ.

ಹಿಡಿದದ್ದನ್ನು ವಾಪಸ್ ಎಂಜಿನ್‌ಗೆ ಸುರಿಯಬೇಡಿ, ಅದರಲ್ಲಿ ಪೆಟ್ರೋಲ್, ನೀರು, ಆಮ್ಲ ಎಲ್ಲ ಇದೆ. ಗ್ಯಾರೇಜಿನ ಹಳೇ ಆಯಿಲ್ ಡ್ರಮ್ಮಿಗೆ ಕೊಡಿ, ಮೋರಿಗೆ ಚೆಲ್ಲಬೇಡಿ. ಕ್ಯಾನ್ ಹಾಕಿದ್ದೇವೆ ಅಂತ ಆಯಿಲ್ ಚೇಂಜ್ ಮುಂದೂಡುವುದೂ ಬೇಡ. ಕ್ಯಾನ್ ಕಾರ್ಬನ್ನನ್ನು ನಿಧಾನ ಮಾಡುತ್ತದೆ ಅಷ್ಟೇ, ನಿಲ್ಲಿಸುವುದಿಲ್ಲ. ವಾಲ್ವ್ ಸೀಲ್ ಕಡೆಯಿಂದ ಇಳಿಯುವ ಆಯಿಲ್‌ಗೆ ಇದು ಏನೂ ಮಾಡಲಾರದು.

ಇನ್ನು, ಕ್ಯಾನ್ ಬೇಗ ಬೇಗ ತುಂಬುತ್ತಿದೆ, ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಜಾಸ್ತಿ ಆಯಿಲ್ ಬರುತ್ತಿದೆ ಅಂದರೆ ದೊಡ್ಡ ಡಬ್ಬಿ ಹುಡುಕಬೇಡಿ. ಮೊದಲು ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದೆಯಾ ನೋಡಿ, ಆಮೇಲೆ ಪಿಸಿವಿ ಡಯಾಫ್ರಮ್ ಪರೀಕ್ಷಿಸಿ. ಎರಡೂ ಸರಿ ಇದ್ದರೆ ಸಿಲಿಂಡರ್‌ನಲ್ಲಿ ಒತ್ತಡ ನಿಲ್ಲುತ್ತದೆಯಾ ಅಂತ ನೋಡುವ ಕಂಪ್ರೆಷನ್ ಮತ್ತು ಲೀಕ್-ಡೌನ್ ಟೆಸ್ಟ್ ಮಾಡಿಸಿ, ರಿಂಗ್ ಸವೆದಿರಬಹುದು.